ಸ್ಪೀಡ್‌ವೇ ಸಂಜೆ: ಮಣ್ಣಿನ ಹದ, ಗಡಿಯಾರ, ಹದಿನೈದು ಹೀಟ್

ಸ್ಪೀಡ್‌ವೇ ಅಂದರೆ ಮಣ್ಣಿನ ಟ್ರ್ಯಾಕಿನ ಮೇಲೆ ನಡೆಯುವ ಬೈಕ್ ರೇಸ್. ಬ್ರಿಟನ್ನಿನಲ್ಲಿ ಇಂಥ ಸಂಜೆಯೊಂದು ಕೆಟ್ಟರೆ ಕಾರಣ ಹೆಚ್ಚಾಗಿ ಎರಡೇ. ಮಣ್ಣಿನ ಹದ ತಪ್ಪಿರುತ್ತದೆ, ಇಲ್ಲವೇ ಹೊತ್ತು ಮೀರಿರುತ್ತದೆ. ರೇಸ್ ನಡೆಸುವವರ ತಲೆನೋವೆಲ್ಲ ಈ ಎರಡರ ಸುತ್ತಲೇ ಇದೆ. ನೋಡಲು ಹೋಗುವವರೂ ಇದನ್ನು ತಿಳಿದುಕೊಂಡರೆ ಬೈಕುಗಳ ಜೊತೆಗೆ ಟ್ರ್ಯಾಕನ್ನೂ ಓದಲು ಬರುತ್ತದೆ. ಹಾಗಾಗಿ ಮೊದಲು ನಡೆಸುವವರ ಕೆಲಸ, ಆಮೇಲೆ ನೋಡುವವರದ್ದು.

ಆಟ ಸರಳ. ನಾಲ್ವರು ಸವಾರರು, ನಾಲ್ಕು ಸುತ್ತು, ಗಡಿಯಾರದ ಮುಳ್ಳಿಗೆ ವಿರುದ್ಧವಾದ ದಿಕ್ಕು, ಸುಮಾರು ಒಂದು ನಿಮಿಷ. ಇಂಥ ಒಂದೊಂದು ರೇಸಿಗೂ ಹೀಟ್ ಎಂದು ಹೆಸರು. ಲೀಗ್ ಪಂದ್ಯದಲ್ಲಿ ತಂಡಕ್ಕೆ 7 ಸವಾರರು, ಒಟ್ಟು 15 ಹೀಟ್. ಬೈಕಿನದು 500 ಸಿಸಿಯ ಒಂದೇ ಸಿಲಿಂಡರಿನ ಫೋರ್ ಸ್ಟ್ರೋಕ್ ಎಂಜಿನ್. ಇಂಧನ ಮೆಥನಾಲ್, ಗೇರ್ ಒಂದೇ, ತೂಕ 77 ಕೆಜಿಗಿಂತ ಕಡಿಮೆ ಇರುವಂತಿಲ್ಲ. ಬ್ರೇಕ್ ಇಲ್ಲ. ಹಿಂದಿನವನು ಅಂಟಿಕೊಂಡೇ ಬರುತ್ತಿರುವಾಗ ಮುಂದಿನವನು ದಿಢೀರನೆ ಬ್ರೇಕ್ ಹಾಕಿದರೆ ಇಬ್ಬರೂ ನೆಲಕ್ಕೆ. ಬ್ರೇಕ್ ಇಲ್ಲದಿರುವುದೇ ಇಲ್ಲಿ ಕ್ಷೇಮ. ತಿರುವಿನಲ್ಲಿ ಹಿಂದಿನ ಚಕ್ರವನ್ನು ಜಾರಿಸಿ, ಉಕ್ಕಿನ ಅಟ್ಟೆ ಕಟ್ಟಿದ ಎಡಗಾಲನ್ನು ನೆಲಕ್ಕೆ ಊರಿ, ಥ್ರಾಟಲ್ ಒಂದರಲ್ಲೇ ದಾರಿ ಹಿಡಿಯಬೇಕು.

ಈ ಎಂಜಿನ್‌ಗಳ ಮೇಲೆ ಕಾಣುವ ಹೆಸರುಗಳಲ್ಲಿ ಜಾವಾ ಕೂಡ ಒಂದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಆ ಚೆಕ್ ಕಂಪನಿಯ ಪರವಾನಗಿಯಲ್ಲೇ ನಡೆದದ್ದು. ಆದರೆ ನಮ್ಮೂರಿನ ಜಾವಾ ಟೂ ಸ್ಟ್ರೋಕ್. ಸ್ಪೀಡ್‌ವೇ ಜಾವಾ ದಿವಿಶೋವ್ ಎಂಬ ಊರಿನಲ್ಲಿ ತಯಾರಾದ ಬೇರೆಯೇ ತಳಿ.

ಟ್ರ್ಯಾಕ್: ನೀರೇ ನಿರ್ಣಾಯಕ

ಟ್ರ್ಯಾಕಿನ ಮೇಲ್ಪದರ ಶೇಲ್, ಅಂದರೆ ಪುಡಿಯಾದ ಪದರಗಲ್ಲು. ಹೆಚ್ಚಾಗಿ ಕೆಂಪು ಬಣ್ಣದ್ದು. ಅದರ ಕೆಳಗೆ ಗಟ್ಟಿಯಾಗಿ ದಮ್ಮಸ್ಸು ಮಾಡಿದ ತಳ. ತಳ ತೇವ ಹಿಡಿದಿಟ್ಟುಕೊಳ್ಳಬೇಕು, ಮೇಲ್ಪದರ ಚಕ್ರಕ್ಕೆ ಹಿಡಿತ ಕೊಡುವಷ್ಟು ಸಡಿಲವಾಗಿರಬೇಕು. ಇವೆರಡೂ ಒಟ್ಟಿಗೆ ಸಿಗುವಂತೆ ನೋಡಿಕೊಳ್ಳುವುದೇ ಟ್ರ್ಯಾಕ್ ನೋಡಿಕೊಳ್ಳುವವರ ಕಸುಬು.

ಕೆಲಸ ಶುರುವಾಗುವುದು ಹಿಂದಿನ ಪಂದ್ಯ ಮುಗಿದ ಮೇಲೆ. ಹಿಂದಿನ ಚಕ್ರಗಳು ಎರಚಿದ ಮಣ್ಣೆಲ್ಲ ಹೊರಗಿನ ಬೇಲಿಯ ಬುಡದಲ್ಲಿ ದಿಬ್ಬವಾಗಿ ಕೂತಿರುತ್ತದೆ. ಮಣ್ಣು ಮಟ್ಟ ಮಾಡುವ ಯಂತ್ರವಾದ ಗ್ರೇಡರ್‌ನಿಂದ ಅದನ್ನು ಒಳಗಿನ ಬಿಳಿ ಗೆರೆಯ ಕಡೆಗೆ ಎಳೆದು ಹರಡಬೇಕು. ಇದನ್ನು ಬಿಟ್ಟರೆ ಒಳಗಡೆ ಬರೀ ತಳ ಉಳಿದು ಕಲ್ಲಿನಂತಾಗುತ್ತದೆ, ಹೊರಗಡೆ ಕಾಲು ಹೂಳುವಷ್ಟು ಪುಡಿಮಣ್ಣು ನಿಲ್ಲುತ್ತದೆ.

ನೀರು ಹಾಕುವುದು ಹಿಂದಿನ ದಿನ, ನಿಧಾನವಾಗಿ, ಹಲವು ಸಲ. ಒಮ್ಮೆಗೇ ಸುರಿದರೆ ಮೇಲೆಲ್ಲ ಕೆಸರಾಗುತ್ತದೆ, ತಳ ಒಣಗೇ ಉಳಿಯುತ್ತದೆ. ಟ್ಯಾಂಕರ್ ಒಂದು ಸುತ್ತು ಹಾಕಿದ ಮೇಲೆ ನೀರು ಇಂಗುವವರೆಗೆ ಕಾದು, ಆಮೇಲೆ ಇನ್ನೊಂದು ಸುತ್ತು. ಪಂದ್ಯದ ಬೆಳಿಗ್ಗೆ ಮೇಲ್ಪದರವನ್ನು ತೆಳುವಾಗಿ ಹರಗಿ, ಮಟ್ಟ ಮಾಡಿ, ಭಾರದ ವಾಹನ ಓಡಿಸಿ ಕೂರಿಸಬೇಕು. ಗೇಟ್ ತೆರೆಯುವ ಮುಂಚೆ ಹಗುರವಾಗಿ ಇನ್ನೊಮ್ಮೆ ಚಿಮುಕಿಸಿದರೆ ಧೂಳು ಏಳುವುದಿಲ್ಲ. ಹದ ಬಂದಿದೆಯೇ ಎಂದು ನೋಡಲು ಒಂದು ಹಿಡಿ ಶೇಲ್ ತೆಗೆದು ಮುಷ್ಟಿ ಬಿಗಿಯಿರಿ. ಉಂಡೆ ಕಟ್ಟಿ, ಬೆರಳು ತಾಗಿಸಿದರೆ ಒಡೆಯಬೇಕು. ಬೆರಳ ಸಂದಿಯಲ್ಲಿ ನೀರು ಒಸರಿದರೆ ಹೆಚ್ಚಾಯಿತು. ಉಂಡೆಯೇ ಕಟ್ಟದಿದ್ದರೆ ಟ್ಯಾಂಕರನ್ನು ಮತ್ತೆ ಕರೆಯಿರಿ. ಬಿಸಿಲಿಗಿಂತ ಗಾಳಿ ಬೇಗ ಒಣಗಿಸುತ್ತದೆ. ಮೋಡ ಮುಚ್ಚಿದ ದಿನ ಮೈಮರೆತು ಕೂತವರು ಮೋಸ ಹೋಗುವುದು ಇಲ್ಲೇ.

ನೀರು ಕಡಿಮೆಯಾದರೆ ಏನಾಗುತ್ತದೆ? ಮೊದಲ ನಾಲ್ಕಾರು ಹೀಟ್‌ನಲ್ಲೇ ಪುಡಿಯೆಲ್ಲ ಬೇಲಿಗೆ ಹಾರಿ ಟ್ರ್ಯಾಕ್ ನುಣ್ಣಗಾಗುತ್ತದೆ. ಆಮೇಲೆ ಒಳಗೆರೆಯೊಂದೇ ದಾರಿ. ಮೊದಲ ತಿರುವಿಗೆ ಮುಂದೆ ಹೋದವನೇ ಗೆಲ್ಲುತ್ತಾನೆ, ಪ್ರೇಕ್ಷಕರಿಗೆ ಧೂಳಷ್ಟೇ ಸಿಗುತ್ತದೆ. ಹೆಚ್ಚಾದರೆ ಇದಕ್ಕಿಂತ ಅಪಾಯ. ಮೆತ್ತಗಿನ ಜಾಗದಲ್ಲಿ ಚಕ್ರ ಹೂತು ತಗ್ಗು ಬೀಳುತ್ತದೆ, ಮುಂದಿನ ಹೀಟ್ ಅದನ್ನೇ ಆಳ ಮಾಡುತ್ತದೆ. ಜಾರುತ್ತಾ ಬಂದ ಹಿಂದಿನ ಚಕ್ರಕ್ಕೆ ಆ ತಗ್ಗಿನಲ್ಲಿ ಏಕಾಏಕಿ ಹಿಡಿತ ಸಿಕ್ಕರೆ ಮುಂದಿನ ಚಕ್ರ ಮೇಲೇಳುತ್ತದೆ, ಬೈಕು ನೆಟ್ಟಗೆ ಬೇಲಿಗೆ ನುಗ್ಗುತ್ತದೆ. ತಿರುವುಗಳಲ್ಲಿ ಗಾಳಿ ತುಂಬಿದ ಬೇಲಿ ಕಟ್ಟುವುದು ಇದಕ್ಕಾಗಿಯೇ. ಅದು ಹರಿದರೆ ತೇಪೆ ಹಾಕಿ ಮತ್ತೆ ಗಾಳಿ ತುಂಬುವವರೆಗೆ ರೇಸ್ ಇಲ್ಲ.

ಹೊಸ ಟ್ರ್ಯಾಕ್ ಆದರಂತೂ ಹದ ಸಿಗಲು ಕಾಲ ಬೇಕು. ಮ್ಯಾಂಚೆಸ್ಟರ್‌ನಲ್ಲಿ ಬೆಲ್ ವ್ಯೂ ತಂಡಕ್ಕಾಗಿ ಕಟ್ಟಿದ ನ್ಯಾಷನಲ್ ಸ್ಪೀಡ್‌ವೇ ಸ್ಟೇಡಿಯಂ 2016ರ ಮಾರ್ಚ್‌ನಲ್ಲಿ ಬಾಗಿಲು ತೆರೆದ ರಾತ್ರಿಯೇ, ಟ್ರ್ಯಾಕ್ ಸುರಕ್ಷಿತವಲ್ಲವೆಂದು ರೇಸ್ ನಿಂತುಹೋಯಿತು. ಜನ ಬಂದು ಕೂತಿದ್ದರು. ಮೇಲಿನ ಕಟ್ಟಡ ಎಷ್ಟೇ ಹೊಸದಾಗಿರಲಿ, ಕೆಳಗಿನ ಮಣ್ಣು ಕೂರಬೇಕು.

ಮಳೆ ಬಂದರೆ ನೀರು ನಿಂತ ಜಾರುಕೆಸರನ್ನು ಗ್ರೇಡರ್‌ನಿಂದ ಕೆರೆದು ಬದಿಗೆ ತಳ್ಳಿ, ಅದರ ಜಾಗಕ್ಕೆ ಮುಚ್ಚಿಟ್ಟ ಒಣ ಶೇಲ್ ಹಾಕುತ್ತಾರೆ. ಮರದ ಹೊಟ್ಟು ಚೆಲ್ಲುವುದೂ ಉಂಟು. ತಳಕ್ಕೆ ನೀರು ಇಳಿದಿದ್ದರೆ ಯಾವ ಉಪಾಯವೂ ನಡೆಯುವುದಿಲ್ಲ. ಅಂಥ ದಿನ ಬೇಗ ರದ್ದು ಮಾಡುವುದೇ ಮೇಲು. ನೂರಾರು ಮೈಲಿ ದೂರದಿಂದ ವ್ಯಾನ್‌ನಲ್ಲಿ ಬೈಕು ಹೇರಿಕೊಂಡು ಬರುವ ಸವಾರರು ಅರ್ಧ ದಾರಿಯಲ್ಲಿರುತ್ತಾರೆ.

ಗಡಿಯಾರದ ಲೆಕ್ಕ

ಒಂದು ಹೀಟ್‌ಗೆ ರೇಸ್ ಒಂದೇ ನಿಮಿಷವಾದರೂ, ಸವಾರರು ಸಾಲಿಗೆ ಬಂದು, ಕುಂಟೆ ಹಿಡಿದ ಸಿಬ್ಬಂದಿ ತಿರುವು ಸರಿಮಾಡಿ ಮುಗಿಸುವಷ್ಟರಲ್ಲಿ 5 ನಿಮಿಷ ಹಿಡಿಯಿರಿ. 15 ಹೀಟ್‌ಗೆ 75 ನಿಮಿಷ. ಮೂರು ಸಲ ಗ್ರೇಡಿಂಗ್, ತಲಾ 8 ನಿಮಿಷದಂತೆ 24. ಮಧ್ಯಂತರ 15. ಒಟ್ಟು 114 ನಿಮಿಷ. 7:30ಕ್ಕೆ ಶುರುವಾದರೆ 9:24ಕ್ಕೆ ಮುಗಿಯಿತು. ಸ್ಟೇಡಿಯಂಗೆ 10 ಗಂಟೆಯ ಗಡುವಿದ್ದರೆ ಕೈಯಲ್ಲಿ ಉಳಿದದ್ದು 36 ನಿಮಿಷ.

ಆ 36 ನಿಮಿಷ ನುಂಗುವುದು ಆಂಬುಲೆನ್ಸ್. ಬಿದ್ದವನನ್ನು ಆಸ್ಪತ್ರೆಗೆ ಕರೆದೊಯ್ದರೆ, ಬೇಕಾದಷ್ಟು ವೈದ್ಯಕೀಯ ನೆರವು ಮೈದಾನದಲ್ಲಿ ಮತ್ತೆ ಸಿದ್ಧವಾಗುವ ತನಕ ಮುಂದಿನ ಹೀಟ್ ಬಿಡುವಂತಿಲ್ಲ. ಆದ್ದರಿಂದ ನಡೆಸುವವರು ಉಳಿಸಬೇಕಾದ ಸಮಯವನ್ನು ಮೊದಲ ಅರ್ಧದಲ್ಲೇ ಉಳಿಸಬೇಕು. ಪೆರೇಡ್ ಚುಟುಕಾಗಿ ಮುಗಿಸಿ. ಬಿದ್ದ ಬೈಕನ್ನು ಎತ್ತಿ ಪಿಟ್‌ಗೆ, ಅಂದರೆ ಬೈಕುಗಳನ್ನು ಸಿದ್ಧಪಡಿಸುವ ಜಾಗಕ್ಕೆ, ತರಲು ಇಬ್ಬರನ್ನು ಪ್ರತಿ ತಿರುವಿನಲ್ಲೂ ನಿಲ್ಲಿಸಿ. ಎರಡು ನಿಮಿಷದ ಗಂಟೆಯನ್ನು ರೆಫರಿ ತಡಮಾಡದೆ ಒತ್ತಲಿ. ಅಷ್ಟರೊಳಗೆ ಸಾಲಿಗೆ ಬಾರದವನು ಆ ಹೀಟ್‌ನಿಂದ ಹೊರಗೆ.

ಪಿಟ್‌ನಲ್ಲಿ ಎಚ್ಚರ ಬೇಕಾದದ್ದು ಮೆಥನಾಲ್ ಬಗ್ಗೆ. ಅದರ ಜ್ವಾಲೆ ಬೆಳಕಿನಲ್ಲಿ ಕಾಣಿಸುವುದೇ ಇಲ್ಲ ಎನ್ನಬಹುದು. ಯಾರೋ ಸುಮ್ಮನೆ ಕೈ ಒದರುತ್ತಿದ್ದಾರೆ ಅಂದುಕೊಂಡರೆ ಅಲ್ಲಿ ಬೆಂಕಿ ಹತ್ತಿರುತ್ತದೆ. ಅದು ನೀರಿನಲ್ಲಿ ಬೆರೆಯುವ ಇಂಧನವಾದ್ದರಿಂದ ಧಾರಾಳವಾಗಿ ನೀರು ಸುರಿದರೆ ಆರುತ್ತದೆ, ಬಕೆಟ್‌ಗಳು ತುಂಬಿರಲಿ. ಚರ್ಮದ ಮೂಲಕವೂ ಅದು ದೇಹಕ್ಕೆ ಇಳಿಯುವುದರಿಂದ ಕೈಗವಸು ಇಲ್ಲದೆ ಮುಟ್ಟಬೇಡಿ. ಗಾಳಿಯ ತೇವ ಹೀರಿ ಅಲ್ಯೂಮಿನಿಯಂ ತಿನ್ನುತ್ತದೆ. ಪಂದ್ಯ ಮುಗಿದ ರಾತ್ರಿಯೇ ಟ್ಯಾಂಕ್, ಕಾರ್ಬ್ಯುರೇಟರ್ ಖಾಲಿ ಮಾಡಬೇಕು. ಎಂಜಿನ್ ಆಫ್ ಆಗುವ ದಾರವನ್ನು ಸವಾರ ಮಣಿಕಟ್ಟಿಗೆ ಕಟ್ಟಿಕೊಂಡಿದ್ದಾನೆಯೇ ಎಂದು ಪ್ರತಿ ಹೀಟ್‌ಗೂ ನೋಡಿ. ಅವನು ಬಿದ್ದಾಗ ಬೈಕನ್ನು ನಿಲ್ಲಿಸುವುದು ಆ ದಾರವೇ.

ನೆರೆಹೊರೆ, ಜಮೀನಿನ ಒಡೆಯರು

ಶಬ್ದದ ದೂರನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಸಫೋಕ್‌ನ ಮಿಲ್ಡೆನ್‌ಹಾಲ್ ಬಳಿಯ ಸ್ಟೇಡಿಯಂಗೆ 1975ರಿಂದಲೇ ಯೋಜನಾ ಅನುಮತಿ ಇತ್ತು. ಹತ್ತಿರದ ಮನೆಯೊಂದನ್ನು 2006ರಲ್ಲಿ ಕೊಂಡವರು ಶಬ್ದದ ಮೇಲೆ ಮೊಕದ್ದಮೆ ಹೂಡಿದರು. 2014ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಮನೆಯವರ ಪರ ನಿಂತಿತು. ‘ನಾವು ಮೊದಲು ಬಂದವರು’, ‘ನಮಗೆ ಅನುಮತಿ ಇದೆ’ ಎಂಬ ಮಾತಷ್ಟೇ ಸಾಲದು ಎಂದಾಯಿತು. ಸೈಲೆನ್ಸರ್ ತಪಾಸಣೆ, ಅಭ್ಯಾಸದ ದಿನಗಳ ಮಿತಿ, ಗಡುವಿನ ಪಾಲನೆ, ಇವನ್ನೆಲ್ಲ ಬರೆದಿಡುವ ಕ್ಲಬ್ಬಿಗೆ ಮುಂದೆ ಅನುಕೂಲ.

ಇದಕ್ಕಿಂತ ದೊಡ್ಡ ಕಂಟಕ ಬಾಡಿಗೆ. ಬಹಳಷ್ಟು ಕ್ಲಬ್ಬುಗಳಿಗೆ ಸ್ವಂತ ಜಾಗವಿಲ್ಲ. ಕೊವೆಂಟ್ರಿ ತಂಡ ಬ್ರ್ಯಾಂಡನ್ ಸ್ಟೇಡಿಯಂ ಕಳೆದುಕೊಂಡಿತು, ವುಲ್ವರ್‌ಹ್ಯಾಂಪ್ಟನ್ ಮತ್ತು ಪೀಟರ್‌ಬರೋ ತಂಡಗಳ ರೇಸ್ 2023ಕ್ಕೆ ಮುಗಿಯಿತು. ಆಕ್ಸ್‌ಫರ್ಡ್ ಮಾತ್ರ 2022ರಲ್ಲಿ ಮರಳಿ ಬಂದ ಅಪರೂಪದ ಉದಾಹರಣೆ. ನಾಯಿ ಓಟದ ಸ್ಟೇಡಿಯಂನಲ್ಲಿ ಬಾಡಿಗೆಗಿದ್ದರೆ ವಾರದ ದಿನವೂ ನಿಮ್ಮ ಇಷ್ಟದ್ದಲ್ಲ, ಸವಾರರ ಬಿಡುವಿನ ದಿನವೂ ನಿಮ್ಮ ಕೈಯಲ್ಲಿಲ್ಲ. ಒಳ್ಳೆಯ ಸವಾರರು ಪೋಲೆಂಡ್, ಸ್ವೀಡನ್ ಲೀಗ್‌ಗಳಲ್ಲೂ ಓಡುತ್ತಾರೆ.

ನೋಡಲು ಹೋಗುವವರಿಗೆ

ಮ್ಯಾಂಚೆಸ್ಟರ್, ಲೆಸ್ಟರ್, ಶೆಫೀಲ್ಡ್, ಗ್ಲಾಸ್ಗೊ ಸುತ್ತಮುತ್ತ ಇರುವ ಕನ್ನಡಿಗರಿಗೆ ಸ್ಪೀಡ್‌ವೇ ದೂರದ ಮಾತಲ್ಲ. ಪೆನ್ನು, ಹಳೆಯ ಬಟ್ಟೆ, ಬೇಸಿಗೆಯಲ್ಲೂ ಒಂದು ಜಾಕೆಟ್, ಕಣ್ಣಿಗೆ ಕನ್ನಡಕ ತೆಗೆದುಕೊಂಡು ಹೋಗಿ. ತಿರುವಿನ ಹೊರಬದಿ ನಿಂತರೆ ಶೇಲ್ ಮೈಮೇಲೇ ಬೀಳುತ್ತದೆ. ತಿಳಿ ಬಣ್ಣದ ಬಟ್ಟೆ ಹಾಕಬೇಡಿ, ಚಹಾದ ಲೋಟ ತೆರೆದಿಡಬೇಡಿ. ಮಕ್ಕಳಿಗೆ ಕಿವಿ ಮುಚ್ಚುವ ಸಾಧನ ಕಡ್ಡಾಯ ಅನ್ನಿ. ಗಾಳಿಯಲ್ಲಿ ತೇಲಿಬರುವ ಸಿಹಿ ವಾಸನೆ ಎಂಜಿನ್‌ಗೆ ಹಾಕಿದ, ಸುಟ್ಟ ಹರಳೆಣ್ಣೆಯದು. ಜಗತ್ತಿನಲ್ಲಿ ಅತಿ ಹೆಚ್ಚು ಹರಳು ಬೆಳೆಯುವುದು ಭಾರತವೇ, ಹಾಗಾಗಿ ಆ ವಾಸನೆ ಅಷ್ಟೇನೂ ಪರದೇಶದ್ದಲ್ಲ.

ಎಲ್ಲಿ ನಿಲ್ಲಬೇಕು? ಮೊದಲ ಸಲವಾದರೆ ಸ್ಟಾರ್ಟ್ ಗೆರೆಯಿಂದ ಮೊದಲ ತಿರುವಿನ ಕಡೆಗೆ ಸ್ವಲ್ಪ ಸರಿದು ನಿಲ್ಲಿ. ಸ್ಟಾರ್ಟ್ ಗೆರೆಗೆ ಅಡ್ಡ ಕಟ್ಟಿದ ಟೇಪ್ ಮೇಲಕ್ಕೆ ಹಾರುವುದೂ ಕಾಣುತ್ತದೆ, ನಾಲ್ವರು ಒಂದೇ ಕಿಂಡಿಗೆ ನುಗ್ಗುವುದೂ ಕಾಣುತ್ತದೆ. ಅರ್ಧ ರೇಸ್ ಅಲ್ಲೇ ತೀರ್ಮಾನವಾಗುತ್ತದೆ.

ಪ್ರೋಗ್ರಾಂ ಪುಸ್ತಕ ಕೊಳ್ಳದೆ ಕೂರಬೇಡಿ. ಅಂಕ ತುಂಬದೆ ನೋಡಿದರೆ ನಾಲ್ಕನೇ ಹೀಟ್‌ಗೆ ದಿಕ್ಕು ತಪ್ಪುತ್ತದೆ. ತವರು ತಂಡದವರದು ಕೆಂಪು, ನೀಲಿ ಹೆಲ್ಮೆಟ್. ಎದುರಾಳಿಗಳದು ಬಿಳಿ, ಹಳದಿ. ಅಂಕ 3, 2, 1, 0. ತನ್ನ ತಂಡದವನ ಹಿಂದೆಯೇ ಬಂದು ಎದುರಾಳಿಯೊಬ್ಬನನ್ನಾದರೂ ಹಿಂದೆ ಹಾಕಿದವನ ಅಂಕದ ಮೇಲೆ ಒಂದು ಗೀಟು ಹಾಕಿ. ಅದು ಬೋನಸ್, ತಂಡದ ಮೊತ್ತಕ್ಕೆ ಸೇರುವುದಿಲ್ಲ, ಅವನ ಸರಾಸರಿಗೆ ಸೇರುತ್ತದೆ. ಕೆಂಪು 3, ನೀಲಿ 2', ಬಿಳಿ 1, ಹಳದಿ 0 ಎಂದರೆ ತವರು ತಂಡಕ್ಕೆ 5-1. ಬಿದ್ದವನಿಗೆ ‘ಎಫ್’, ಹೊರಹಾಕಿದವನಿಗೆ ‘ಎಕ್ಸ್’, ಬೈಕು ಕೈಕೊಟ್ಟು ನಿಂತವನಿಗೆ ‘ಆರ್’, ಟೇಪ್ ಮುಟ್ಟಿದವನಿಗೆ ‘ಟಿ’. ಟೇಪ್ ಮುಟ್ಟಿದರೆ 15 ಮೀಟರ್ ಹಿಂದಿನಿಂದ ಹೊರಡುವ ಅವಕಾಶವೂ ಬ್ರಿಟಿಷ್ ಲೀಗ್‌ನಲ್ಲಿದೆ.

ಸರಾಸರಿಯ ಲೆಕ್ಕ ಹೀಗೆ: ಒಬ್ಬ 5 ಸಲ ಓಡಿ 3, 2', 1, 2, 3 ಗಳಿಸಿದ ಅನ್ನಿ. ಅಂಕ 11, ಬೋನಸ್ 1, ಒಟ್ಟು 12. ಅದನ್ನು 5ರಿಂದ ಭಾಗಿಸಿ 4ರಿಂದ ಗುಣಿಸಿದರೆ 9.60. ತಂಡ ಕಟ್ಟುವಾಗ ಎಲ್ಲರ ಸರಾಸರಿಯ ಮೊತ್ತಕ್ಕೆ ಮಿತಿ ಇರುವುದರಿಂದ, ಒಬ್ಬ ಚೆನ್ನಾಗಿ ಓಡಿದ್ದೇ ಮುಂದಿನ ವರ್ಷ ಅವನನ್ನು ಉಳಿಸಿಕೊಳ್ಳಲು ಅಡ್ಡಿಯಾಗುವುದುಂಟು. ಅಭಿಮಾನಿಗಳ ಜಗಳ ಬಹುಪಾಲು ಇದರ ಮೇಲೆಯೇ.

ಪ್ರತಿ ಹೀಟ್‌ಗೆ ಹಂಚುವ ಅಂಕ 6, 15ಕ್ಕೆ 90. 46 ತಲುಪಿದ ತಂಡ ಗೆದ್ದಂತೆ. ಎರಡನೇ ಹೀಟ್ 6 ಮತ್ತು 7ನೇ ಸಂಖ್ಯೆಯ ಮೀಸಲು ಸವಾರರದು; ಅದನ್ನು ಬಿಟ್ಟು ಚಹಾಕ್ಕೆ ಹೋಗುವವರು ಬಹಳ, ಆದರೆ ಪಂದ್ಯ ವಾಲುವುದು ಎಷ್ಟೋ ಸಲ ಅಲ್ಲೇ. ಹೀಟ್ 13ರಲ್ಲಿ ಎರಡೂ ತಂಡದ 1 ಮತ್ತು 5ನೇ ಸಂಖ್ಯೆಯವರು ಎದುರಾಗುತ್ತಾರೆ. 15ಕ್ಕೆ ಮ್ಯಾನೇಜರ್ ಆರಿಸಿದವರು ಇಳಿಯುತ್ತಾರೆ.

ಮೊದಲ ಮೂರು ಹೀಟ್‌ನಲ್ಲಿ ಯಾವ ಗೇಟ್‌ನವರು, ಅಂದರೆ ಸ್ಟಾರ್ಟ್ ಗೆರೆಯ ಯಾವ ಜಾಗದಿಂದ ಹೊರಟವರು, ಮುಂದಾದರು ಎಂದು ಅಂಚಿನಲ್ಲಿ ಬರೆದುಕೊಳ್ಳಿ. 1 ಅಂದರೆ ಒಳಗಿನದು, 4 ಹೊರಗಿನದು. ಗ್ರೇಡಿಂಗ್ ಆದ ಮೇಲೆ ಆ ಲೆಕ್ಕ ಬದಲಾಗುತ್ತದೆ. ಬೇಲಿಯ ಪಕ್ಕ ಪುಡಿಮಣ್ಣು ದಟ್ಟವಾಗಿದ್ದರೆ, ಹಿಂದೆ ಬಿದ್ದವನು ಹೊರಗಿನಿಂದ ಸುತ್ತಿ ಬಂದು ಹಿಡಿಯುವ ಸಾಧ್ಯತೆ ಇದೆ. ಬೇಲಿಯ ಬುಡವೂ ಬೋಳಾಗಿದ್ದರೆ ಸ್ಟಾರ್ಟ್ ಕಡೆಗೇ ಕಣ್ಣಿಡಿ.

ಬೆಂಗಳೂರಿನಲ್ಲಿ ಕೂತು ನೋಡುವುದಾದರೆ ಬ್ರಿಟಿಷ್ ಸ್ಪೀಡ್‌ವೇ ನೆಟ್‌ವರ್ಕ್‌ನ ಆನ್‌ಲೈನ್ ಪ್ರಸಾರ ಇದೆ. ಅಲ್ಲಿನ ಬೇಸಿಗೆಯ ಸಂಜೆ 7:30 ಅಂದರೆ ಇಲ್ಲಿ ನಡುರಾತ್ರಿ 12. ದುಡ್ಡು ಕಟ್ಟುವ ಮುಂಚೆ ಅಲ್ಲಿನ ಹವಾಮಾನ ನೋಡಿಕೊಳ್ಳಿ. ಸ್ಟೇಡಿಯಂಗೇ ಹೋಗುವವರು ಹೊರಡುವ ಮುಂಚೆ ಕ್ಲಬ್ಬಿನ ಪುಟ ಒಮ್ಮೆ ನೋಡಿ, ಮತ್ತು ಎಷ್ಟನೇ ಹೀಟ್‌ಗೆ ರೇಸ್ ನಿಂತರೆ ಮರುಪ್ರವೇಶ ಸಿಗುತ್ತದೆ ಎಂಬ ಷರತ್ತನ್ನು ಟಿಕೆಟ್ ಕೊಳ್ಳುವಾಗಲೇ ಓದಿ. ಮಳೆಗೆ ಪಂದ್ಯ ನಿಂತರೂ ಟಿಕೆಟ್ ತುಂಡನ್ನು ಎಸೆಯಬೇಡಿ. ಕೌಂಟರ್‌ನಲ್ಲಿ ಕೇಳುವುದು ಅದನ್ನೇ.