ಮತ ಎಣಿಸಿದ್ದು ಸಾಕು ಅನಿಸಿದ ಮೇಲೆ: ಒಳ್ಳೆಯ ಅಡ್ವೈಸರ್‌ಗಳನ್ನು ನಾವು ಹುಡುಕಿದ ಬಗೆ

ಮೊದಲ ವರ್ಷ ನಾವು ಮತ ಎಣಿಸಿದೆವು. ಮಾಡಿದ್ದು ಅಷ್ಟೇ. ವಿದ್ಯಾರ್ಥಿಗಳಿಗೆ ಒಂದು ಫಾರ್ಮ್ ಕಳಿಸಿ, "ನಿಮ್ಮ ಪ್ರಕಾರ ಅತ್ಯುತ್ತಮ ಅಕಾಡೆಮಿಕ್ ಅಡ್ವೈಸರ್ ಯಾರು? ಏಕೆ?" ಎಂದು ಕೇಳಿದೆವು. ಯಾರ ಹೆಸರು ಜಾಸ್ತಿ ಬಂತೋ ಅವರಿಗೆ ಫಲಕ ಕೊಟ್ಟು, ಚಪ್ಪಾಳೆ ತಟ್ಟಿ, ಫೋಟೋ ತೆಗೆಸಿಕೊಂಡೆವು. ಕಾರ್ಯಕ್ರಮ ಮುಗಿದು ಕುರ್ಚಿಗಳನ್ನು ಒಂದರ ಮೇಲೊಂದು ಇಡುತ್ತಿದ್ದೆ. ಹಿರಿಯ ಸಹೋದ್ಯೋಗಿಯೊಬ್ಬರು ಪಕ್ಕಕ್ಕೆ ಬಂದು, "ಫೇಲಾದ ಮಕ್ಕಳು ಈ ಫಾರ್ಮ್ ತುಂಬೋದಿಲ್ಲ, ಅಲ್ವಾ?" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸುಮ್ನೆ ಕೇಳಿದರು, ಕೇಳಿ ಎರಡು ಕುರ್ಚಿ ಎತ್ತಿಟ್ಟು ಹೋದರು.

ಆಮೇಲೆ ಆರು ವರ್ಷ ನಾನು ಆ ಪ್ರಶಸ್ತಿ ಕಮಿಟಿಯಲ್ಲಿದ್ದೆ. ಅದಕ್ಕೂ ಮೊದಲು ಹಲವು ವರ್ಷ ನಾನೇ ಅಡ್ವೈಸರ್ ಆಗಿದ್ದೆ. ಈ ಕೆಲಸ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಯಾವ ಕೋರ್ಸ್ ತೆಗೆದುಕೊಳ್ಳಬೇಕು, ಕ್ರೆಡಿಟ್ ಸಾಲುತ್ತದಾ, ವಿಷಯ ಬದಲಾಯಿಸಿದರೆ ಎಷ್ಟು ಹಿಂದೆ ಬೀಳುತ್ತೇನೆ, ಅಂಕ ಕುಸಿದಿದೆ ಈಗೇನು ಮಾಡಲಿ ಎಂದು ಬರುವ ವಿದ್ಯಾರ್ಥಿಯ ಎದುರು ಕೂರುವ ಕೆಲಸ ಇದು. ಕೆಲವು ಕಡೆ ಪಾಠ ಮಾಡುವವರೇ ಇದನ್ನೂ ಮಾಡುತ್ತಾರೆ. ಕೆಲವು ಕಡೆ ಇದಕ್ಕೆಂದೇ ಪೂರ್ಣಾವಧಿ ಜನ ಇರುತ್ತಾರೆ. ನಮ್ಮಲ್ಲಿ ಎರಡೂ ಬಗೆಯವರಿದ್ದರು.

ಆ ಸಹೋದ್ಯೋಗಿ ಕೇಳಿದ್ದು ಸರಿಯಾಗಿತ್ತು. ಆ ವರ್ಷ ಗೆದ್ದವರ ಬಳಿ ಇದ್ದದ್ದು ರ್‍ಯಾಂಕ್ ವಿದ್ಯಾರ್ಥಿಗಳ ಗುಂಪು. ಅವರು ತಾವಾಗಿಯೇ ಹದಿನೈದು ದಿನಕ್ಕೊಮ್ಮೆ ಬರುತ್ತಾರೆ, ಫಾರ್ಮ್ ಬಂದರೆ ಅದೇ ದಿನ ತುಂಬುತ್ತಾರೆ, ಬರೆಯುವುದೂ ಚೆನ್ನಾಗಿರುತ್ತದೆ. ಗೆದ್ದವರು ನಿಜಕ್ಕೂ ಒಳ್ಳೆಯ ಅಡ್ವೈಸರ್, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಪ್ರಶ್ನೆ ಕೇಳಿದ ಹಿರಿಯರ ಪಾಲಿಗೆ ಬಂದಿದ್ದವರಲ್ಲಿ ಪ್ರೊಬೇಷನ್ ಪಟ್ಟಿಯ, ಅಂದರೆ ಅಂಕ ಕುಸಿದು ಎಚ್ಚರಿಕೆ ಪಡೆದ ಮಕ್ಕಳೇ ಜಾಸ್ತಿ. ಅವರು ಹೆದರಿಕೊಂಡು ಒಮ್ಮೆ ಬರುತ್ತಾರೆ. ಕೆಲಸ ಸರಿಹೋದರೆ ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಸರಿಹೋಗದೆ ಬಿಟ್ಟುಹೋದವರ ಈಮೇಲ್ ಖಾತೆಯೇ ಮುಚ್ಚಿರುತ್ತದೆ, ಫಾರ್ಮ್ ತಲುಪುವುದಾದರೂ ಹೇಗೆ? ಆ ವರ್ಷ ಆ ಹಿರಿಯರ ಹೆಸರು ಬರೆದವರು ಇಬ್ಬರು.

ಇನ್ನೊಂದು ತೊಡಕೂ ಇದೆ. ಈ ಕೆಲಸ ಚೆನ್ನಾಗಿ ನಡೆದರೆ ಏನೂ ಆಗುವುದಿಲ್ಲ. ತಪ್ಪು ಕೋರ್ಸ್‌ಗೆ ಹೆಸರು ಬೀಳುವುದಿಲ್ಲ. ಕೊನೆಯ ಸೆಮಿಸ್ಟರ್‌ನಲ್ಲಿ ಎರಡು ಕ್ರೆಡಿಟ್ ಕಡಿಮೆ ಎಂದು ಪದವಿ ನಿಲ್ಲುವುದಿಲ್ಲ. ತನ್ನನ್ನು ಯಾರೋ ತೊಂದರೆಯಿಂದ ತಪ್ಪಿಸಿದರು ಎಂಬುದೇ ವಿದ್ಯಾರ್ಥಿಗೆ ಗೊತ್ತಿರುವುದಿಲ್ಲ. ಹಾಗಿರುವಾಗ ಫಾರ್ಮ್‌ನಲ್ಲಿ ಏನಂತ ಬರೆದಾನು?

ಹಾಗಾಗಿ ಎರಡನೆಯ ವರ್ಷ ಮೊದಲು ಮುಟ್ಟಿದ್ದು ಫಾರ್ಮನ್ನೇ. ಹಳೆಯ ಉತ್ತರಗಳನ್ನು ತೆಗೆದು ಓದಿದೆ. "ತುಂಬಾ ಒಳ್ಳೆಯವರು." "ಯಾವಾಗಲೂ ನಗುತ್ತಾರೆ." "ಈಮೇಲ್‌ಗೆ ಬೇಗ ಉತ್ತರ ಕೊಡುತ್ತಾರೆ." ಓದಿ ಮುಗಿಸಿದಾಗ ಯಾರು ಯಾರೆಂದೇ ತಿಳಿಯಲಿಲ್ಲ. ಹೆಸರುಗಳನ್ನು ಅದಲುಬದಲು ಮಾಡಿದರೂ ನಡೆಯುತ್ತಿತ್ತು. "ಏಕೆ?" ಎಂದು ಕೇಳಿದರೆ ಜನ ಗುಣವಿಶೇಷಣ ಬರೆಯುತ್ತಾರೆ. ಅದು ಅವರ ತಪ್ಪಲ್ಲ, ನಮ್ಮ ಪ್ರಶ್ನೆಯದು.

ಹೊಸ ಫಾರ್ಮ್‌ನಲ್ಲಿ ಹೀಗೆ ಕೇಳಿದೆವು: ಒಂದು ಭೇಟಿಯ ಬಗ್ಗೆ ಹೇಳಿ. ಏನು ಕೇಳಲು ಹೋಗಿದ್ದಿರಿ? ಹೊರಗೆ ಬಂದ ಮೇಲೆ ಏನನ್ನು ಬೇರೆ ಥರ ಮಾಡಿದಿರಿ? ಅತ್ಯುತ್ತಮ ಎಂಬ ಪದವನ್ನೇ ಕಿತ್ತುಹಾಕಿದೆವು. ನಾಮಿನೇಷನ್‌ಗಳು ಅರ್ಧಕ್ಕಿಂತ ಕೆಳಗಿಳಿದವು. ನಮ್ಮ ಮೇಲಿನವರಿಗೆ ಗಾಬರಿ. ಸಂಖ್ಯೆ ಇಳಿದರೆ ಯಾರಿಗೂ ಆಸಕ್ತಿಯಿಲ್ಲ ಅಂತ ಕಾಣುತ್ತದಂತೆ. ನನಗೆ ಮಾತ್ರ ಖುಷಿಯಾಯಿತು. ಬಂದ ಒಂದೊಂದು ಪತ್ರದಲ್ಲೂ ಏನೋ ನಡೆದಿತ್ತು.

ಮೂರನೆಯ ವರ್ಷ ಬಂದ ಒಂದು ಪತ್ರ ಈಗಲೂ ನೆನಪಿದೆ. ಹುಡುಗಿ ಒಂದು ಕೋರ್ಸ್ ಬಿಡಬೇಕೆಂದು ಸಹಿ ಹಾಕಿಸಿಕೊಳ್ಳಲು ಹೋಗಿದ್ದಳು. ಎರಡು ನಿಮಿಷದ ಕೆಲಸ. ಅಡ್ವೈಸರ್ ಪೆನ್ನು ಕೈಗೆತ್ತಿಕೊಂಡು, ಮತ್ತೆ ಕೆಳಗಿಟ್ಟು, ಕ್ರೆಡಿಟ್ ಎಣಿಸಿದರಂತೆ. ಆ ಕೋರ್ಸ್ ಬಿಟ್ಟರೆ ಪೂರ್ಣಾವಧಿ ವಿದ್ಯಾರ್ಥಿ ಎಂಬ ಲೆಕ್ಕ ತಪ್ಪುತ್ತಿತ್ತು, ಅದರ ಹಿಂದೆಯೇ ಧನಸಹಾಯವೂ ನಿಲ್ಲುತ್ತಿತ್ತು. ಇಷ್ಟು ಹೇಳಿ ಕಳಿಸಿದ್ದರೂ ಒಳ್ಳೆಯ ಕೆಲಸವೇ. ಆದರೆ ಅವರು ಇನ್ನೊಂದು ಪ್ರಶ್ನೆ ಕೇಳಿದರು: "ಇದೇ ಕೋರ್ಸ್ ಯಾಕೆ?" ಆಗ ಹೊರಗೆ ಬಂದದ್ದು, ವಿಷಯ ಕಷ್ಟವಲ್ಲ, ಲ್ಯಾಬ್ ನಡೆಯುವ ಸಂಜೆಯೇ ಅವಳು ಕೆಲಸಕ್ಕೆ ಹೋಗಬೇಕು. ಬೆಳಗಿನ ಲ್ಯಾಬ್‌ನಲ್ಲಿ ಒಂದು ಜಾಗ ಹುಡುಕಿ ಕೊಟ್ಟರು. ಪತ್ರದ ಕೊನೆಯಲ್ಲಿ ಅವಳು ಬರೆದಿದ್ದಳು: "ಸಹಿ ಕೇಳಲು ಹೋದೆ. ಸಹಿ ಸಿಗಲಿಲ್ಲ. ಅದಕ್ಕೇ ಅವರ ಹೆಸರು ಕೊಡುತ್ತಿದ್ದೇನೆ."

ಇಂಥ ಪತ್ರಗಳನ್ನು ತೂಗುವುದು ಹೇಗೆ ಎಂಬುದು ಮುಂದಿನ ಪ್ರಶ್ನೆ. ನನಗೆ ನೆರವಾದದ್ದು ಹಳೆಯದೊಂದು ಏಣಿ. ಅಮೆರಿಕದ ಶಿಕ್ಷಣತಜ್ಞ ಟೆರ್ರಿ ಓಬ್ಯಾನಿಯನ್ 1972ರಲ್ಲಿ ಸಲಹೆ ಕೊಡುವ ಕೆಲಸಕ್ಕೆ ಐದು ಹಂತ ಹೇಳಿದ್ದರು: ಬದುಕಿನ ಗುರಿ ಏನು ಎಂದು ಹುಡುಕುವುದು, ವೃತ್ತಿಯ ಗುರಿ, ನಂತರ ಓದುವ ವಿಷಯ, ಆಮೇಲೆ ಕೋರ್ಸ್, ಕಡೆಗೆ ವೇಳಾಪಟ್ಟಿ. ನಾನು ಪ್ರತಿ ಪತ್ರದ ಅಂಚಿನಲ್ಲಿ ಆ ಘಟನೆ ಎಲ್ಲಿ ಶುರುವಾಗಿ ಎಲ್ಲಿಗೆ ಹೋಯಿತು ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಿದ್ದೆ. ವಿದ್ಯಾರ್ಥಿಗಳು ಬರುವುದು ಬಹುಪಾಲು ಕೊನೆಯ ಎರಡು ಹಂತಕ್ಕೇ. ಕೆಲವು ಅಡ್ವೈಸರ್‌ಗಳು ಅಲ್ಲೇ ಮುಗಿಸಿ ಕಳಿಸುತ್ತಾರೆ. ಕೆಲವರು ಬೇಕಾದಾಗ ಮೇಲಕ್ಕೆ ಕರೆದೊಯ್ಯುತ್ತಾರೆ. ಬೇಕಾದಾಗ ಎಂಬ ಮಾತಿಗೆ ಒತ್ತು ಕೊಡುತ್ತೇನೆ. ವೇಳಾಪಟ್ಟಿ ಕೇಳಲು ಬಂದವನನ್ನು ಕೂರಿಸಿ ಬದುಕಿನ ಗುರಿ ಏನಪ್ಪಾ ಎಂದು ಪೀಡಿಸುವವರೂ ಇದ್ದಾರೆ. ಅದಕ್ಕೆ ನಾನು ಅಂಕ ಕೊಡಲಿಲ್ಲ.

ಅದೇ 1972ರಲ್ಲಿ ಬರ್ನ್ಸ್ ಕ್ರೂಕ್‌ಸ್ಟನ್ ಎಂಬುವರು ಸಲಹೆ ಕೊಡುವುದೂ ಪಾಠ ಮಾಡಿದಂತೆಯೇ ಎಂದು ವಾದಿಸಿದ್ದರು. ಡಾಕ್ಟರು ಚೀಟಿ ಬರೆದುಕೊಟ್ಟ ಹಾಗೆ ಹೇಳಿ ಕಳಿಸುವುದು ಒಂದು ಬಗೆ, ವಿದ್ಯಾರ್ಥಿಯೂ ಹೊಣೆ ಹೊತ್ತು ಜೊತೆಗೂಡಿ ತೀರ್ಮಾನಿಸುವುದು ಇನ್ನೊಂದು ಬಗೆ. ಪುಸ್ತಕದ ಮಾತು ಎಂದು ನಮ್ಮ ಕಮಿಟಿಯಲ್ಲಿ ಒಬ್ಬರು ತಳ್ಳಿಹಾಕಿದರು. ಆದರೆ ಪತ್ರಗಳನ್ನು ಓದುವಾಗ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತಿತ್ತು. "ಅವರು ನನ್ನ ಸಮಸ್ಯೆ ಬಗೆಹರಿಸಿದರು" ಎಂಬ ಪತ್ರ ಒಂದು ಕಡೆ. "ಮುಂದಿನ ಸಲ ನಾನೇ ಲೆಕ್ಕ ಹಾಕಿಕೊಂಡು ಹೋದೆ" ಎಂಬ ಪತ್ರ ಇನ್ನೊಂದು ಕಡೆ.

ಕಮಿಟಿಯಲ್ಲಿ ಜಗಳವೇ ಆದದ್ದು "ಆಗೋದಿಲ್ಲ" ಎಂದು ಹೇಳುವ ಅಡ್ವೈಸರ್‌ಗಳ ವಿಷಯದಲ್ಲಿ. ಒಬ್ಬರಿದ್ದರು. ಸೆಮಿಸ್ಟರ್ ಕೊನೆಯ ಸರ್ವೇಯಲ್ಲಿ ಅವರ ಅಂಕ ಯಾವಾಗಲೂ ಕೆಳಗೆ. ಒಂದೇ ಗಣಿತ ಕೋರ್ಸ್‌ನಲ್ಲಿ ಮೂರು ಸಲ ಫೇಲಾದ ಹುಡುಗನಿಗೆ, "ನಾಲ್ಕನೇ ಸಲ ಕೂರೋ ಮೊದಲು ಈ ದಾರಿ ನಿನಗೆ ಬೇಕಾ ಅಂತ ಯೋಚನೆ ಮಾಡು" ಎಂದು ನೇರವಾಗಿ ಹೇಳಿದ್ದರು. ಅವನು ಸರ್ವೇಯಲ್ಲಿ ಚೆನ್ನಾಗಿ ಬೈದಿದ್ದ. ಇವರಿಗೆ ಪ್ರಶಸ್ತಿ ಕೊಟ್ಟರೆ ವಿದ್ಯಾರ್ಥಿಗಳ ಮಾತಿಗೆ ಬೆಲೆ ಏನು ಬಂತು ಎಂದು ಒಬ್ಬರು. ಸಿಹಿ ಮಾತಿಗೆ ಮಾತ್ರ ಬೆಲೆಯಾ ಎಂದು ಇನ್ನೊಬ್ಬರು. ಸಂಜೆಯಾದರೂ ಮುಗಿಯಲಿಲ್ಲ.

ಇದಕ್ಕೆ ಸಿಕ್ಕ ಉಪಾಯ ಬಹಳ ಸರಳ. ನಾಮಿನೇಟ್ ಮಾಡುವ ಹಕ್ಕನ್ನು ಹಳೆಯ ವಿದ್ಯಾರ್ಥಿಗಳಿಗೂ ಕೊಟ್ಟೆವು. ಪದವಿ ಮುಗಿಸಿದವರು, ಅರ್ಧಕ್ಕೆ ಬಿಟ್ಟವರು, ಬೇರೆ ಕಡೆ ಸೇರಿದವರು, ಎಲ್ಲರಿಗೂ. ಅವರು ಕೊಟ್ಟುಹೋಗಿದ್ದ ಸ್ವಂತ ಈಮೇಲ್ ವಿಳಾಸಕ್ಕೆ ಪತ್ರ ಹೋಯಿತು. ನಾನು ಮಾಡಿದ ಬದಲಾವಣೆಗಳಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ಇದನ್ನೇ ಉಳಿಸಿಕೊಳ್ಳುತ್ತೇನೆ. ಬೈದಿದ್ದ ಹುಡುಗ ಬೇರೆ ವಿಷಯ ಹಿಡಿದು, ಪದವಿ ಮುಗಿಸಿ, ಆ ಅಡ್ವೈಸರ್ ಬಗ್ಗೆ ಒಂದು ಪುಟ ಬರೆದು ಕಳಿಸಿದ. ಓದು ಬಿಟ್ಟೇಬಿಟ್ಟ ಒಬ್ಬಳು ಬರೆದದ್ದು ಅದಕ್ಕಿಂತ ದೊಡ್ಡದು. "ಬಿಡಬೇಡ ಅಂತ ಎಲ್ಲರೂ ಹೇಳಿದರು. ಇವರೊಬ್ಬರು ಮಾತ್ರ, ಬಿಡೋದಾದರೆ ಹೀಗೆ ಬಿಡು, ವಾಪಸ್ ಬರೋ ಬಾಗಿಲು ಮುಚ್ಚೋದಿಲ್ಲ ಅಂತ ಹೇಳಿ ಯಾವ ಅರ್ಜಿ ಯಾವಾಗ ಕೊಡಬೇಕು ಅಂತ ಬರೆದುಕೊಟ್ಟರು." ಓದು ಬಿಟ್ಟವಳನ್ನು ಸಂಸ್ಥೆಯ ಲೆಕ್ಕದಲ್ಲಿ ಸೋಲು ಎಂದೇ ಬರೆದಿದ್ದರು.

ಸರ್ವೇಯ ಸರಾಸರಿ ಅಂಕಗಳನ್ನು ಕಡತದಿಂದಲೇ ತೆಗೆದೆವು. ಇದಕ್ಕೆ ಬೇರೆ ಕಾರಣವೂ ಇತ್ತು. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆನ್‌ಲೈನ್ ಕೋರ್ಸ್ ಒಂದರ ಬೋಧಕರು ಗಂಡು ಹೆಸರಿನಲ್ಲೂ ಹೆಣ್ಣು ಹೆಸರಿನಲ್ಲೂ ಪಾಠ ಮಾಡಿದ್ದರು. ನಿಜಕ್ಕೂ ಯಾರೇ ಇರಲಿ, ಗಂಡು ಹೆಸರಿದ್ದಾಗ ವಿದ್ಯಾರ್ಥಿಗಳು ಹೆಚ್ಚು ಅಂಕ ಕೊಟ್ಟಿದ್ದರು. ವಿದ್ಯಾರ್ಥಿಗಳ ಸಂಖ್ಯೆ ಚಿಕ್ಕದು, ವಿಷಯ ಪಾಠದ್ದು, ಸಲಹೆಯದ್ದಲ್ಲ. ಆದರೂ 0.2 ಅಂಕದ ಅಂತರ ನೋಡಿ ಪ್ರಶಸ್ತಿ ನಿರ್ಧರಿಸುವ ಧೈರ್ಯ ನನಗೆ ಉಳಿಯಲಿಲ್ಲ.

ಅದರ ಬದಲು ಕಡತದ ಮೊದಲ ಪುಟದಲ್ಲಿ ಇನ್ನೊಂದು ಸಂಖ್ಯೆ ಬರೆದೆವು. ಈ ಅಡ್ವೈಸರ್ ಪಾಲಿಗೆ ಎಷ್ಟು ವಿದ್ಯಾರ್ಥಿಗಳು? ಅಮೆರಿಕದಲ್ಲಿ ಸಲಹೆಗಾರರ ಸಂಘ ನಕಾಡಾ 2011ರಲ್ಲಿ ಸಮೀಕ್ಷೆ ಮಾಡಿದಾಗ ಪೂರ್ಣಾವಧಿ ಅಡ್ವೈಸರ್ ಒಬ್ಬರ ಪಾಲಿನ ವಿದ್ಯಾರ್ಥಿಗಳ ನಡುವಿನ ಸಂಖ್ಯೆ (ಮೀಡಿಯನ್) 296. ನಮ್ಮಲ್ಲಿ ಒಬ್ಬರಿಗೆ 120, ಇನ್ನೊಬ್ಬರಿಗೆ 400ರ ಮೇಲೆ. ಇದನ್ನು ಯಾವ ಸೂತ್ರಕ್ಕೂ ಹಾಕಲಿಲ್ಲ. ಓದುವವರ ಕಣ್ಣಿಗೆ ಮೊದಲು ಬೀಳಲಿ, ಅಷ್ಟೇ.

ನಕಾಡಾದವರು 1983ರಿಂದ ಪ್ರಶಸ್ತಿ ಕೊಡುತ್ತಿದ್ದಾರೆ. ಪೂರ್ಣಾವಧಿ ಅಡ್ವೈಸರ್‌ಗಳಿಗೆ ಬೇರೆ, ಪಾಠದ ಜೊತೆ ಈ ಕೆಲಸ ಮಾಡುವ ಪ್ರಾಧ್ಯಾಪಕರಿಗೆ ಬೇರೆ ವಿಭಾಗ. ನಾವೂ ಹಾಗೇ ಎರಡು ಮಾಡಿದೆವು. ಹೊಸಬರಿಗೆ ಮೂರನೆಯದೊಂದನ್ನೂ ಮಾಡಿ ನಗೆಪಾಟಲಾದೆವು. ಆ ವರ್ಷ ಹೊಸದಾಗಿ ಸೇರಿದ್ದವರೇ ಇಬ್ಬರು.

ಅದೇ ಸಂಘ 2017ರಲ್ಲಿ ಅಡ್ವೈಸರ್‌ಗೆ ಬೇಕಾದದ್ದನ್ನು ಮೂರು ಭಾಗ ಮಾಡಿತು: ಕೆಲಸದ ಹಿಂದಿನ ವಿಚಾರಗಳ ಅರಿವು, ನಿಯಮ ಮತ್ತು ಮಾಹಿತಿಯ ಅರಿವು, ಜನರೊಂದಿಗೆ ನಡೆದುಕೊಳ್ಳುವ ಬಗೆ. ವಿದ್ಯಾರ್ಥಿಗಳ ಪತ್ರದಲ್ಲಿ ಕಾಣುವುದು ಹೆಚ್ಚಾಗಿ ಮೂರನೆಯದೇ. ಉಳಿದದ್ದನ್ನು ನೋಡಲು ಕೊನೆಯ ಸುತ್ತಿಗೆ ಬಂದವರಿಂದ ಐದು ಭೇಟಿಗಳ ಟಿಪ್ಪಣಿ ಕೇಳಿದೆವು, ಹೆಸರು ಅಳಿಸಿ. ಇದರಲ್ಲಿ ನಾನು ಎಡವಿದೆ. ಹೆಸರು ಅಳಿಸಿದ್ದರೂ ಒಂದು ಟಿಪ್ಪಣಿ ಓದುತ್ತಿದ್ದಂತೆ ಅದು ಯಾವ ವಿದ್ಯಾರ್ಥಿ ಎಂದು ಕಮಿಟಿಯಲ್ಲಿ ಮೂವರಿಗೆ ಗೊತ್ತಾಯಿತು. ಚಿಕ್ಕ ವಿಭಾಗ, ವಿಚಿತ್ರವಾದ ವಿಷಯಗಳ ಜೋಡಿ, ಇನ್ನೇನು ಬೇಕು? ಓದುವುದನ್ನು ಅಲ್ಲಿಗೇ ನಿಲ್ಲಿಸಿದೆವು. ಮುಂದಿನ ವರ್ಷದಿಂದ ಗುರುತು ಸಿಗದಂತೆ ಅಡ್ವೈಸರ್ ಅವರೇ ವಿವರ ಬದಲಾಯಿಸಿ ಕೊಡುತ್ತಾರೆ, ವಿದ್ಯಾರ್ಥಿಯ ಒಪ್ಪಿಗೆ ಪಡೆಯುತ್ತಾರೆ, ಬೇರೆ ವಿಭಾಗದ ಒಬ್ಬರೇ ಓದುತ್ತಾರೆ, ಓದಿದ ಮೇಲೆ ಹರಿದುಹಾಕುತ್ತಾರೆ.

ಟಿಪ್ಪಣಿಗಳಲ್ಲಿ ವ್ಯತ್ಯಾಸ ಎಷ್ಟು ಎಂದರೆ, "ಕೋರ್ಸ್ ಬಗ್ಗೆ ಚರ್ಚಿಸಲಾಯಿತು" ಎಂದು ಐದೂ ಕಡೆ ಬರೆದವರಿದ್ದಾರೆ. ನಾಳೆ ಅವರು ರಜೆ ಹಾಕಿದರೆ ಬದಲಿಗೆ ಕೂತವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಇನ್ನೊಬ್ಬರದು: "ರಸಾಯನಶಾಸ್ತ್ರ ಇಷ್ಟವೋ, ಅಣ್ಣ ಓದಿದ ಅಂತ ಓದುತ್ತಿದ್ದಾನೋ, ಇವತ್ತು ಕೇಳಲಿಲ್ಲ. ಮುಂದಿನ ಸಲ ಕೇಳಬೇಕು." ಕೇಳದೆ ಬಿಟ್ಟದ್ದನ್ನೂ ಬರೆದಿಟ್ಟಿದ್ದರು.

ಕೊನೆಗೆ ಅರ್ಧ ಗಂಟೆ ಮಾತುಕತೆ. ಒಂದು ಕಟ್ಟುಕಥೆಯ ಪ್ರಕರಣ ಕೊಟ್ಟು, ಅದರಲ್ಲಿ ಬೇಕೆಂದೇ ಈಚೆಗೆ ಬದಲಾದ ಒಂದು ನಿಯಮವನ್ನು ಸೇರಿಸುತ್ತಿದ್ದೆವು. ಹೊಸ ನಿಯಮ ಬಾಯಿಪಾಠ ಒಪ್ಪಿಸಿದವರಿಗಿಂತ, "ಇದು ಬದಲಾಗಿದೆ ಅನಿಸುತ್ತೆ, ನೋಡಿ ಹೇಳ್ತೀನಿ" ಅಂದವರಿಗೆ ನನ್ನ ಅಂಕ ಜಾಸ್ತಿ. ಇದನ್ನು ಕಮಿಟಿಯ ಎಲ್ಲರೂ ಒಪ್ಪಲಿಲ್ಲ.

ಕುರ್ಚಿ ಎತ್ತಿಟ್ಟ ಆ ಹಿರಿಯರಿಗೆ ಮೂರನೆಯ ವರ್ಷ ಪ್ರಶಸ್ತಿ ಬಂತು. ವಿಷಯ ತಿಳಿಸಲು ಹೋದಾಗ, "ಫಲಕ ಬೇಡ ಮೇಡಂ. ಮನೆಯಲ್ಲಿ ಜಾಗ ಇಲ್ಲ. ನನ್ನ ಪಟ್ಟಿಯಿಂದ ನಲವತ್ತು ಮಕ್ಕಳನ್ನ ಕಡಿಮೆ ಮಾಡಿಕೊಡಿ, ಉಳಿದವರನ್ನ ಸರಿಯಾಗಿ ನೋಡ್ತೀನಿ" ಅಂದರು. ನ್ಯಾಯವಾದ ಮಾತು ಎಂದು ಒಪ್ಪಿದೆ. ಆ ನಲವತ್ತು ಮಂದಿ ಅಕ್ಕಪಕ್ಕದ ಇಬ್ಬರ ತಲೆಗೆ ಬಿದ್ದರು. ಅದರಲ್ಲಿ ಒಬ್ಬರು ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟರು. ಬಿಡದೆ ಇನ್ನೇನು? ತಾತ್ಕಾಲಿಕವಾಗಿ ಒಬ್ಬರನ್ನು ನೇಮಿಸಲು ಹಣ ಮಂಜೂರಾಗದೆ ಹೊರೆ ಇಳಿಸುವ ಮಾತು ಆಡಬಾರದು ಎಂದು ಆಮೇಲೆ ನಿಯಮ ಮಾಡಿಕೊಂಡೆವು.

ಸಮಾರಂಭದಲ್ಲಿ ಅವರ ಸೇವೆ, ನಿಷ್ಠೆ ಎಂದೆಲ್ಲ ಓದುವ ಬದಲು, ಬರೆದವಳ ಒಪ್ಪಿಗೆ ಪಡೆದು ಸಹಿಯ ಪತ್ರವನ್ನು ಓದಿದೆ. ಅದು ಅವರ ಬಗ್ಗೆ ಬಂದದ್ದೇ. ಸಭೆ ಚಪ್ಪಾಳೆ ತಟ್ಟಿತು. ಅವರು ಮಾತ್ರ ಹುಬ್ಬು ಗಂಟಿಕ್ಕಿ ಕೂತಿದ್ದರು. ಕೆಳಗಿಳಿದು ಬಂದಾಗ, "ಯಾವ ಹುಡುಗಿ ಇದು? ನನಗೆ ನೆನಪೇ ಆಗ್ತಿಲ್ಲ" ಅಂದರು. ಮರುದಿನ ಅವರ ಕೋಣೆಗೆ ಹೋದೆ. ಆ ದಿನದ ಟಿಪ್ಪಣಿಯನ್ನು ಹುಡುಕಿ ತೆರೆದಿಟ್ಟುಕೊಂಡಿದ್ದರು. ಮೂರೇ ವಾಕ್ಯ ಇತ್ತು: "ಸಹಿ ಹಾಕಿಲ್ಲ. ಲ್ಯಾಬ್ ಬೆಳಗ್ಗೆಗೆ ಬದಲಾಯಿತು. ಸಂಜೆ ಕೆಲಸ ಎಷ್ಟು ಗಂಟೆ ಅಂತ ಮುಂದಿನ ಸಲ ಕೇಳಬೇಕು."

"ಕೇಳಿದ್ದೀನಾ ಇಲ್ವಾ ಅಂತ ನೋಡ್ತಿದ್ದೆ" ಎಂದು ಮುಂದಿನ ಪುಟ ತೆರೆದರು.