ಒಣಗಣ್ಣು: ಆಪರೇಷನ್ ಇಲ್ಲದೆ ಉಳಿದ ನನ್ನ ನಾಯಿಯ ಬಲಗಣ್ಣು

ಕಳೆದ ತಪಾಸಣೆಯಲ್ಲಿ ಕಣ್ಣೀರು ಅಳೆಯುವ ಕಾಗದದ ಶರ್ಮರ್ ಪಟ್ಟಿ ನನ್ನ ನಾಯಿಯ ಬಲಗಣ್ಣಿಗೆ 16 ಮಿಲಿಮೀಟರ್ ತೋರಿಸಿತು. ಅಂಕಿ ಏರಿದಷ್ಟೂ ಕಣ್ಣೀರು ಹೆಚ್ಚು. ಮೊದಲ ಸಲ ಅಳೆದಾಗ ಇದೇ ಕಣ್ಣು 3 ಅಥವಾ 4ರಲ್ಲಿತ್ತು. ಒಣಗಣ್ಣಿನ ನಾಯಿ ಸಾಕಿದವರಿಗೆ ಈ ಎರಡು ಅಂಕಿಗಳ ನಡುವಿನ ದೂರ ಎಷ್ಟೆಂದು ಬಿಡಿಸಿ ಹೇಳಬೇಕಾಗಿಲ್ಲ. ‘ಈ ಕಣ್ಣಿನ ಆಸೆ ಬಿಡಿ’ ಎಂದವರು, ‘ಹನಿ ಹಾಕಿ ಯಾರ ಕಣ್ಣೂ ಉಳಿದಿಲ್ಲ’ ಎಂದವರು ಹಲವರಿದ್ದರು. ಉಳಿದಿದೆ. ಹೇಗೆಂದು ಬರೆಯುತ್ತಿದ್ದೇನೆ.

ನಾಯಿ ಶಿಟ್ಸು ತಳಿಯದು, ಹೆಣ್ಣು, ಹೆಸರು ಚಿನ್ನಿ, ಎಂಟು ವರ್ಷ ದಾಟಿದೆ. ಮೊದಲ ಏಳೆಂಟು ತಿಂಗಳು ಪೂರ್ತಿ ಆ್ಯಂಟಿಬಯಾಟಿಕ್ ಹನಿಗಳಿಗೇ ಹೋಯಿತು. ಹಸಿರು ಬಣ್ಣದ ಅಂಟುಗೀಜು, ಒರೆಸಲು ಹೋದರೆ ನೂಲಿನಂತೆ ಎಳೆಯೆಳೆಯಾಗಿ ಬರುತ್ತಿತ್ತು. ಹನಿ ಹಾಕಿದರೆ ನಾಲ್ಕು ದಿನ ಕಣ್ಣು ಶುಭ್ರ, ನಿಲ್ಲಿಸಿದ ವಾರದೊಳಗೆ ಮತ್ತೆ ಅದೇ. ಕಣ್ಣೀರೇ ಇಲ್ಲದ ಕಣ್ಣಿನಲ್ಲಿ ರೋಗಾಣುಗಳು ಮತ್ತೆ ಮತ್ತೆ ಬೆಳೆಯದೆ ಏನು ಮಾಡುತ್ತವೆ? ಹನಿಯ ಹೆಸರು ಬದಲಾಯಿತು, ಸೀಸೆಯ ಗಾತ್ರ ಬದಲಾಯಿತು, ಶುಲ್ಕ ಮಾತ್ರ ಪ್ರತಿ ಸಲ ಪೂರ್ತಿ. ಆ ತಿಂಗಳುಗಳಲ್ಲಿ ಕೈಬಿಟ್ಟುಹೋದ ಹಣ, ನಂತರದ ಎರಡು ವರ್ಷದ ನಿಜವಾದ ಚಿಕಿತ್ಸೆಗಿಂತ ಹೆಚ್ಚು. ಪಟ್ಟಿ ಇಟ್ಟು ಕಣ್ಣೀರು ಅಳೆಯಲು ಕಣ್ಣೊಂದಕ್ಕೆ ಒಂದೇ ನಿಮಿಷ ಸಾಕು. ಆ ಒಂದು ನಿಮಿಷವನ್ನು ಯಾರೂ ಕೊಡಲಿಲ್ಲ. ಕೊನೆಗೆ ಹಠ ಹಿಡಿದು ಹಾಕಿಸಿದೆ. ಈಗಲೂ ಗೀಜಿನ ನಾಯಿಯನ್ನು ಯಾರಾದರೂ ತೋರಿಸಿದರೆ ನನ್ನ ಮೊದಲ ಪ್ರಶ್ನೆ ಅದೇ: ಪಟ್ಟಿ ಹಾಕಿಸಿದಿರಾ?

ನಡುವೆ ಒಬ್ಬರು ಕೆಂಪು ಇಳಿಯಲೆಂದು ಸ್ಟೀರಾಯ್ಡ್ ಹನಿ ಬರೆದರು. ಫ್ಲೋರೆಸೀನ್ ಬಣ್ಣ ಹಾಕಿ ನೋಡದೆ ಹಾಕುವುದಿಲ್ಲ ಎಂದು ಕುಳಿತೆ. ಬಣ್ಣ ಹಾಕಿ ನೀಲಿ ಬೆಳಕು ಬಿಟ್ಟಾಗ ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರದ) ಕೆಳಭಾಗದಲ್ಲಿ ಸಾಸಿವೆಯಷ್ಟು ಜಾಗ ಹಸಿರಾಗಿ ಹೊಳೆಯಿತು. ಹುಣ್ಣು. ಅದರ ಮೇಲೆ ಸ್ಟೀರಾಯ್ಡ್ ಬಿದ್ದಿದ್ದರೆ ಕಣ್ಣು ತೂತಾಗುವ ಅಪಾಯವಿತ್ತು. ಈ ವಿಷಯದಲ್ಲಿ ನಾನು ಯಾರ ಮುಲಾಜಿಗೂ ಬೀಳುವುದಿಲ್ಲ.

ಪಟ್ಟಿಯ ಅಂಕಿ ಬಂದ ಮೇಲೆ ಕಾರಣ ಹುಡುಕಿದೆವು. ಹಿಂದೆ ಕೊಟ್ಟ ಔಷಧಗಳ ಚೀಟಿಗಳನ್ನೆಲ್ಲ ಹರಡಿ, ಕಣ್ಣೀರು ಬತ್ತಿಸಬಲ್ಲ ಸಲ್ಫಾ ಇದೆಯೇ ಎಂದು ನೋಡಿದೆ, ಇರಲಿಲ್ಲ. ಥೈರಾಯ್ಡ್ ಸರಿಯಿತ್ತು. ಮೂಗಿನ ಹೊಳ್ಳೆಗಳು ಎರಡೂ ಒದ್ದೆಯಾಗಿಯೇ ಇದ್ದವು. ನರದ ತೊಂದರೆಯಾಗಿದ್ದರೆ ಸಾಮಾನ್ಯವಾಗಿ ಆ ಬದಿಯ ಹೊಳ್ಳೆಯೂ ಒಣಗುತ್ತದೆ, ಹಾಗಾಗಿ ಅದಕ್ಕೆ ಕೊಡುವ ಪೈಲೊಕಾರ್ಪಿನ್ ಔಷಧದ ಗೊಡವೆಗೆ ಹೋಗಲಿಲ್ಲ. ನಾಯಿಯ ಕಣ್ಣಿನ ಒಳಮೂಲೆಯಲ್ಲಿರುವ ಮೂರನೇ ರೆಪ್ಪೆಯ ಕಣ್ಣೀರಿನ ಗ್ರಂಥಿಯೂ ಇದ್ದಲ್ಲೇ ಇತ್ತು. ಉಳಿದದ್ದು ಎಲ್ಲರಿಗೂ ಗೊತ್ತಿರುವುದೇ, ದೇಹದ ರೋಗನಿರೋಧಕ ಶಕ್ತಿಯೇ ಕಣ್ಣೀರಿನ ಗ್ರಂಥಿಯ ಮೇಲೆ ತಿರುಗಿ ಬಿದ್ದಿತ್ತು.

ಹುಣ್ಣು ಮಾಗಿದ ಮೇಲೆ ಸೈಕ್ಲೋಸ್ಪೊರಿನ್ ಶೇ 0.2 ಮುಲಾಮು ಶುರುವಾಯಿತು, ದಿನಕ್ಕೆರಡು ಸಲ. ಮೂರು ವಾರದ ನಂತರ ಪಟ್ಟಿ ಒಂದು ಮಿಲಿಮೀಟರ್ ಕೂಡ ಏರಿರಲಿಲ್ಲ. ಹೆಚ್ಚಿನವರು ಕೈಚೆಲ್ಲುವುದು ಇಲ್ಲೇ. ನನಗೂ ಮುಲಾಮು ದಂಡ, ಲಾಲಾರಸದ ನಾಳವನ್ನು ಕಣ್ಣಿಗೆ ತಿರುಗಿಸುವ ಆಪರೇಷನ್ ಮಾಡಿಸಿಬಿಡಿ ಎಂದರು. ನಾನು ಅಲುಗಾಡಲಿಲ್ಲ. ಇದು ಗ್ರಂಥಿಯ ಮೇಲಿನ ದಾಳಿಯನ್ನು ತಡೆದು, ಅಳಿದುಳಿದ ಗ್ರಂಥಿ ಚೇತರಿಸಿಕೊಂಡು ಮತ್ತೆ ನೀರು ಸುರಿಸುವಂತೆ ಮಾಡುವ ಔಷಧ. ಅದಕ್ಕೆ ಆರೆಂಟು ವಾರ ಹಿಡಿಯುತ್ತದೆ, ಕೆಲವೊಮ್ಮೆ ಇನ್ನೂ ಹೆಚ್ಚು. ಅಲ್ಲಿಯವರೆಗೆ ಕಣ್ಣನ್ನು ಒಣಗಲು ಬಿಡದೆ ಕಾಯುವುದಷ್ಟೇ ಕೆಲಸ. ದಿನಕ್ಕೆ ಐದಾರು ಸಲ ಕೃತಕ ಕಣ್ಣೀರಿನ ಜೆಲ್ ಹಾಕಿ ಕಾದೆ. ಆರನೇ ವಾರದ ಹೊತ್ತಿಗೆ 7 ಬಂತು.

ಬಂದದ್ದು ಅಲ್ಲೇ ನಿಂತಿತು. ತಿಂಗಳುಗಟ್ಟಲೆ 7, 8, ಮತ್ತೆ 7. ಎಣ್ಣೆಯಲ್ಲಿ ಬೆರೆಸಿದ ಶೇ 1ರ ಸೈಕ್ಲೋಸ್ಪೊರಿನ್ ಮಾಡಿಸಿಕೊಂಡು ನೋಡಿದೆವು. ಚಿನ್ನಿ ಕಣ್ಣು ಕಿರಿದು ಮಾಡಿಕೊಂಡು ಮುಖವನ್ನು ಚಾಪೆಗೆ ಉಜ್ಜಿದಳು, ರೆಪ್ಪೆಯ ಸುತ್ತ ಕೂದಲು ಉದುರಿತು. ಮೂರು ವಾರಕ್ಕೆ ಅದನ್ನು ಬಿಟ್ಟೆವು. ಮನುಷ್ಯರ ಒಣಗಣ್ಣಿನ ಸೈಕ್ಲೋಸ್ಪೊರಿನ್ ಹನಿಯನ್ನೇ ಹಾಕಿ ಎಂದು ಸಲಹೆ ಕೊಟ್ಟವರೂ ಇದ್ದರು. ಅದರ ಪ್ರಮಾಣ ಸಾಮಾನ್ಯವಾಗಿ ಶೇ 0.05, ನಾಯಿಯ ಮುಲಾಮಿನ ಕಾಲು ಭಾಗ. ಈ ಔಷಧ ಕಣ್ಣೀರು ತರಿಸುತ್ತದೆಂದು 1980ರ ದಶಕದಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯದ ಪಶುವೈದ್ಯೆ ರೆನೀ ಕ್ಯಾಸ್ವಾನ್ ಕಂಡುಕೊಂಡದ್ದು ನಾಯಿಗಳಲ್ಲೇ. ಮನುಷ್ಯರ ಹನಿ ಬಂದದ್ದು ಆಮೇಲೆ. ಒಣಗಣ್ಣಿನ ನಾಯಿ ಇರುವವರೆಲ್ಲ ಇದನ್ನು ತಿಳಿದಿರಬೇಕು ಎಂಬುದು ನನ್ನ ಆಸೆ.

ಆಗ ಟ್ಯಾಕ್ರೋಲಿಮಸ್ ಮಾತು ಎತ್ತಿದೆ. ಎರಡೂ ಒಂದೇ ಜಾತಿಯ ಔಷಧ, ಒಂದಕ್ಕೆ ಬಗ್ಗದ್ದು ಇನ್ನೊಂದಕ್ಕೆ ಬಗ್ಗೀತೇ ಎಂದು ವೈದ್ಯರು ಅನುಮಾನಪಟ್ಟರು. ಜಾತಿ ಒಂದೇ ಆದರೂ ಇದು ಬಹಳ ಕಡಿಮೆ ಪ್ರಮಾಣದಲ್ಲೇ ಕೆಲಸ ಮಾಡುತ್ತದೆ, ಸೈಕ್ಲೋಸ್ಪೊರಿನ್‌ಗೆ ಸ್ಪಂದಿಸದ ಕಣ್ಣುಗಳೂ ಕೆಲವೊಮ್ಮೆ ಇದಕ್ಕೆ ಸ್ಪಂದಿಸುತ್ತವೆ. ಶೇ 0.03ರ ಕಣ್ಣಿನ ಹನಿ ಬರೆಸಿಕೊಂಡು ಮಾಡಿಸಿದೆ. ಚರ್ಮಕ್ಕೆ ಹಚ್ಚುವ ಟ್ಯಾಕ್ರೋಲಿಮಸ್ ಮುಲಾಮನ್ನು ಕಣ್ಣಿಗೆ ತರಬೇಡಿ, ಅದು ಕಣ್ಣಿಗಾಗಿ ತಯಾರಾದದ್ದಲ್ಲ. ಹನಿ ಹಾಕುವಾಗ ಕೈಗವಸು ಇರಲಿ. ಎರಡು ತಿಂಗಳಿಗೆ 11, ಇನ್ನೂ ಒಂದೆರಡು ತಿಂಗಳಿಗೆ 14, ಆಮೇಲೆ 16. ಒಣಗಣ್ಣಿನಿಂದ ಕಾರ್ನಿಯಾದ ಮೇಲೆ ಹರಡಿದ್ದ ಕಪ್ಪು ಕಲೆ ಒಳ ಅಂಚಿನಿಂದ ತಿಳಿಯಾಗುತ್ತ ಬಂದು, ಈಗ ನಡುವೆ ಅಕ್ಕಿಕಾಳಿನಷ್ಟಗಲದ ಸ್ವಚ್ಛ ಜಾಗ ಬಿಟ್ಟಿದೆ. ಬಲಗಡೆಯಿಂದ ಚೆಂಡು ಉರುಳಿಸಿದರೆ ಹಿಡಿಯುತ್ತಾಳೆ. ಅನುಮಾನಪಟ್ಟವರೇ ಈಗ ತಮ್ಮಲ್ಲಿಗೆ ಬರುವ ನಾಯಿಗಳ ವಿಷಯಕ್ಕೆ ನನಗೆ ಫೋನ್ ಮಾಡುತ್ತಾರೆ.

ಹಾಕುವ ಕ್ರಮದಲ್ಲಿ ಅರ್ಧ ಗೆಲುವಿದೆ. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಮುಚ್ಚಿದ ರೆಪ್ಪೆಯ ಮೇಲೆ ಇಟ್ಟು ಗೀಜು ನೆನೆಯಲು ಬಿಡುತ್ತೇನೆ, ಕೀಳುವುದಿಲ್ಲ. ಕಣ್ಣೊಳಗೆ ಉಳಿದದ್ದನ್ನು ಸಲೈನ್‌ನಿಂದ ತೊಳೆಯುತ್ತೇನೆ, ಗೀಜಿನ ಮೇಲೆ ಹಾಕಿದ ಹನಿ ಗೀಜಿನಲ್ಲೇ ಉಳಿಯುತ್ತದೆ. ಚಿನ್ನಿಯ ಬೆನ್ನು ನನ್ನ ಎದೆಗೆ ತಾಗುವಂತೆ ಕೂರಿಸಿಕೊಂಡು, ಹೆಬ್ಬೆರಳಿನಿಂದ ಕೆಳರೆಪ್ಪೆ ತುಸು ಜಗ್ಗಿ, ಸೀಸೆಯನ್ನು ತಲೆಯ ಹಿಂದಿನಿಂದ ತರುತ್ತೇನೆ. ಮೊದಲು ಔಷಧ, ಹತ್ತು ಹದಿನೈದು ನಿಮಿಷದ ನಂತರ ಜೆಲ್. ಅದಲುಬದಲಾದರೆ ದುಬಾರಿ ಔಷಧ ಜೆಲ್ಲಿನ ಮೇಲಿಂದ ಜಾರಿಹೋಗುತ್ತದೆ. ಹನಿಗೆ ಮುಂಚಿನ ಅರ್ಧ ನಿಮಿಷದಲ್ಲಿ ನಾನೊಂದು ಕೆಲಸ ಮಾಡುತ್ತೇನೆ, ಅದರಿಂದ ಅವಳು ತಾನೇ ಗದ್ದ ಎತ್ತಿ ಕಾಯುತ್ತಾಳೆ. ಅದೇನೆಂದು ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಬಹಳ ಕಾಲ ಹಿಡಿದಿದೆ.

ಪ್ರಯೋಗಗಳೂ ನಡೆದವು. ಮೀನೆಣ್ಣೆಯ ಕ್ಯಾಪ್ಸೂಲ್ ಮೂರ್ನಾಲ್ಕು ತಿಂಗಳು ಕೊಟ್ಟೆ. ಮೈಕೂದಲು ಮಿರಿಮಿರಿ ಹೊಳೆಯಿತು, ಪಟ್ಟಿ ಕದಲಲಿಲ್ಲ. ಕೋಣೆಯಲ್ಲಿ ತೇವಾಂಶದ ಯಂತ್ರ ಇಟ್ಟಾಗಲೂ ಪಟ್ಟಿಯ ಅಂಕಿ ಅಷ್ಟೇ ಇತ್ತು, ಆದರೆ ಜೆಲ್ ಹಾಕುವ ಅಂತರ ಸುಮಾರು ಎರಡು ಗಂಟೆ ಹಿಗ್ಗಿತು. ಇಟ್ಟುಕೊಂಡಿದ್ದೇನೆ. ನಿಜವಾಗಿ ಉಪಯೋಗಕ್ಕೆ ಬಂದ ಪ್ರಯೋಗ ಜೆಲ್ಲಿನದು. ಬೆಂಜಾಲ್ಕೋನಿಯಂ ಕ್ಲೋರೈಡ್ ಎಂಬ ಸಂರಕ್ಷಕ ಇರುವ ಜೆಲ್ಲನ್ನು ದಿನಕ್ಕೆ ಆರು ಸಲ ಹಾಕುತ್ತಿದ್ದಾಗ ಕಣ್ಣಿನ ಕೆಂಪು ಇಳಿಯುತ್ತಲೇ ಇರಲಿಲ್ಲ. ಸಂರಕ್ಷಕವಿಲ್ಲದ ಹೈಲುರೋನಿಕ್ ಜೆಲ್ಲಿಗೆ ಬದಲಾಯಿಸಿದೆ, ಹತ್ತು ದಿನದಲ್ಲಿ ಕೆಂಪು ಹೋಯಿತು. ಬೆಲೆ ಹತ್ತಿರ ಹತ್ತಿರ ಎರಡು ಪಟ್ಟು, ಆದರೆ ಆರು ಸಲ ಹಾಕುತ್ತಿದ್ದದ್ದು ಮೂರಕ್ಕೆ ಇಳಿದದ್ದರಿಂದ ಲೆಕ್ಕ ಸರಿಹೋಯಿತು. ಇದೇ ಚಿಕಿತ್ಸೆಯಲ್ಲಿರುವ ಎಡಗಣ್ಣು 12ರಲ್ಲಿ ನಿಂತಿದೆ. ವೈದ್ಯರೊಡನೆ ಮಾತಾಡಿ ಆ ಕಣ್ಣಿಗೆ ಮಾತ್ರ ಹನಿಯನ್ನು ಮೂರು ಸಲಕ್ಕೆ ಏರಿಸಿದ್ದೇವೆ, ಫಲ ಇನ್ನೂ ನೋಡಬೇಕು.

ಪಟ್ಟಿ ಹಾಕಿಸುವ ದಿನ ಔಷಧ ನಿಲ್ಲಿಸಿ ಹೋಗಬೇಡಿ. ನಮಗೆ ಬೇಕಿರುವುದು ಔಷಧದ ಮೇಲಿರುವ ಕಣ್ಣಿನ ಅಳತೆ. ಹನಿ ಹಾಕಿ ಕೆಲವು ಗಂಟೆ ಕಳೆದಿರಲಿ, ಜೆಲ್ ಮಾತ್ರ ಅಳತೆ ಮುಗಿಯುವವರೆಗೆ ಬೇಡ. ಪ್ರತಿ ಸಲ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಅಳೆಸಿದರೆ ಹಿಂದಿನ ಅಂಕಿಯೊಂದಿಗೆ ಹೋಲಿಸಲು ಬರುತ್ತದೆ.

ಆಪರೇಷನ್‌ಗೆ ಅಂದು ಹೇಳಿದ ಮೊತ್ತದಲ್ಲಿ ನಾಲ್ಕೈದು ವರ್ಷದ ಹನಿ ಮತ್ತು ಜೆಲ್ ಬರುತ್ತದೆ. ಆಪರೇಷನ್ ಮಾಡಿಸಿದರೂ ಖರ್ಚು ನಿಲ್ಲುವುದಿಲ್ಲ, ಲಾಲಾರಸದ ಖನಿಜ ಕಾರ್ನಿಯಾದ ಮೇಲೆ ಕೂತರೆ ಅದಕ್ಕೂ ಹನಿ ಬೇಕು. ಯಾವ ಔಷಧಕ್ಕೂ ಬಗ್ಗದ ಕಣ್ಣಿಗೆ ಆಪರೇಷನ್ ಇರಲಿ, ಮೂರನೇ ವಾರದ ಕಣ್ಣಿಗಲ್ಲ. ಒಮ್ಮೆ ಹನಿ ತಲುಪುವುದು ನಾಲ್ಕೈದು ದಿನ ತಡವಾಯಿತು, ಅಷ್ಟಕ್ಕೇ 16 ಇದ್ದದ್ದು 9ಕ್ಕೆ ಬಿತ್ತು, ಮತ್ತೆ ಮೇಲೇರಲು ತಿಂಗಳು ಬೇಕಾಯಿತು. ಅಂದಿನಿಂದ ಒಂದು ಸೀಸೆ ತೆರೆದ ದಿನವೇ ಮುಂದಿನದಕ್ಕೆ ಹೇಳಿಬಿಡುತ್ತೇನೆ.