ಕೊಂಕಣ ಸುತ್ತಿಯೇ ಗೋವಾಕ್ಕೆ ಹೋದೆವು: ಎರಡು ರಾತ್ರಿಯ ಹಡಗಿನ ಲೆಕ್ಕ

ಹುಬ್ಬಳ್ಳಿಯಲ್ಲಿ ಬೆಳಿಗ್ಗೆ ಉಪ್ಪಿಟ್ಟು ತಿಂದು ಹೊರಟರೆ ಮಧ್ಯಾಹ್ನದ ಊಟಕ್ಕೆ ಪಣಜಿ. ಅಂಥ ಊರಿನ ಜನರನ್ನು ರೈಲಿನಲ್ಲಿ ಮುಂಬಯಿಗೆ ಕರೆದೊಯ್ದು, ಅಲ್ಲಿಂದ ಹಡಗು ಹತ್ತಿಸಿ ಗೋವಾದಲ್ಲಿ ಇಳಿಸುತ್ತೇನೆ ಎಂದಾಗ, ಯಾತ್ರೆ ನಡೆಸುವ ನನ್ನ ಗದುಗಿನ ಗೆಳೆಯ ಬಿದ್ದು ಬಿದ್ದು ನಕ್ಕ. "ಕೊಂಕಣ ಸುತ್ತಿ ಮೈಲಾರಕ್ಕೆ ಹೋಗುವುದನ್ನು ಗಾದೆಯಲ್ಲಿ ಕೇಳಿದ್ದೆ. ನೀನು ಅದಕ್ಕೆ ಟಿಕೆಟ್ ಬೇರೆ ಮಾರುತ್ತೀಯಲ್ಲ" ಎಂದ. ಮನೆಯವಳೂ ನಕ್ಕಳು. ನಕ್ಕವರಿಗೆ ಆಗ ಕಾರಣವೂ ಇತ್ತು. ಅಷ್ಟರಲ್ಲಿ ನಾನು ಎರಡು ಸಲ ಕೈ ಸುಟ್ಟುಕೊಂಡಿದ್ದೆ.

2025ರ ಜನವರಿಯಲ್ಲಿ ಮೂರನೆಯ ಸಲ ಹನ್ನೆರಡು ಜನರನ್ನು ಕರೆದುಕೊಂಡು ಹೋಗಿಬಂದೆ. ಯಾರೂ ಬೈಯಲಿಲ್ಲ, ನನಗೂ ಇಪ್ಪತ್ತು ಸಾವಿರ ಚಿಲ್ಲರೆ ಉಳಿಯಿತು. ನಮ್ಮಂತೆ ಹತ್ತಿಪ್ಪತ್ತು ಜನರ ತಂಡ ಕಟ್ಟಿಕೊಂಡು ತಿರುಗುವವರು ಎರಡು ಮೂರು ರಾತ್ರಿಯ ಕ್ರೂಸ್ ಲಾಭವೋ ನಷ್ಟವೋ ಎಂದು ಆಗಾಗ ಕೇಳುತ್ತಾರೆ, ಆದ್ದರಿಂದ ಬರೆಯುತ್ತಿದ್ದೇನೆ. ಬುಕಿಂಗ್ ಹೇಗೆ, ಆಧಾರ್ ಪ್ರತಿ ಎಷ್ಟು ಎಂಬುದು ನಿಮಗೆ ಗೊತ್ತೇ ಇದೆ.

ಮೊದಲ ಪೆಟ್ಟು 2022ರ ನವೆಂಬರಿನಲ್ಲಿ. ಮುಂಬಯಿ–ಗೋವಾ–ಮುಂಬಯಿ, ಮೂರು ರಾತ್ರಿ, ಹನ್ನೊಂದು ಜನ. ಜಾಹೀರಾತಿನಲ್ಲಿ ತಲೆಗೆ 19 ಸಾವಿರದ ಸುಮಾರು ಇತ್ತು, ನಾನು ಅದನ್ನೇ ನಂಬಿ ದರ ಹೇಳಿಬಿಟ್ಟೆ. ಅದರ ಮೇಲೆ ಬಂದರು ಶುಲ್ಕ, ಸಿಬ್ಬಂದಿಯ ಟಿಪ್ಸ್, ಕೊನೆಗೆ ಜಿಎಸ್‌ಟಿ ಕೂಡಿಕೊಂಡು 31 ಸಾವಿರ ದಾಟಿತು. ಏಜೆಂಟ್ ಇದನ್ನೆಲ್ಲ ಮುಂಗಡ ಕೊಟ್ಟ ಮೇಲೆ ಬಾಯಿ ಬಿಟ್ಟ. ಮೂರನೆಯವರು, ನಾಲ್ಕನೆಯವರು ಅದೇ ಕ್ಯಾಬಿನ್ನಿನಲ್ಲಿ ಮಲಗಿದರೆ ದರ ಇಳಿಯುತ್ತದೆ ನಿಜ. ಆದರೆ ಬಂದರು ಶುಲ್ಕ, ಟಿಪ್ಸ್ ಇಳಿಯುವುದಿಲ್ಲ, ಅವು ತಲೆಯೆಣಿಕೆ. ಅರ್ಧ ಹಣವನ್ನು ಜನರ ಕೈಕಾಲು ಹಿಡಿದು ವಸೂಲಿ ಮಾಡಿದೆ. ಉಳಿದದ್ದು ನನ್ನ ಜೇಬಿನಿಂದ ಹೋಯಿತು.

ಹಣಕ್ಕಿಂತ ಹೆಚ್ಚು ನೋಯಿಸಿದ್ದು ಗೋವಾ. ಹಡಗು ನಿಲ್ಲುವುದು ಮುರಗಾಂವ್ ಬಂದರಿನಲ್ಲಿ, ಅಂದರೆ ವಾಸ್ಕೋ ಪಕ್ಕ. ಅದು ಕಲ್ಲಿದ್ದಲು ಇಳಿಸುವ ಬಂದರು. ಬೀಚು ಕಾಣುತ್ತದೆ ಎಂದುಕೊಂಡು ಬಿಳಿ ಅಂಗಿ ಹಾಕಿಕೊಂಡು ಇಳಿದವರಿಗೆ ಕಂಡದ್ದು ಕ್ರೇನು. ಗೇಟಿನ ಹೊರಗೆ ಬಂದು, ಟ್ಯಾಕ್ಸಿಯವನ ಜೊತೆ ಜಗಳವಾಡಿ ಪಣಜಿ ಮುಟ್ಟುವುದರಲ್ಲಿ ಎರಡು ತಾಸು ಹೋಯಿತು. ಹಡಗು ಬಿಟ್ಟು ಹೋದೀತು ಎಂಬ ಹೆದರಿಕೆಯಲ್ಲಿ ಮೀರಾಮಾರ್ ದಂಡೆಯಲ್ಲಿ ಅರ್ಧ ತಾಸು ನಿಂತು ವಾಪಸ್. "ಇದೇ ಗೋವಾವನ್ನು ಎಂಟುನೂರು ರೂಪಾಯಿ ಬಸ್ಸಿನಲ್ಲಿ ಇದಕ್ಕಿಂತ ಚೆನ್ನಾಗಿ ನೋಡಿದ್ದೇನಲ್ಲಪ್ಪಾ" ಎಂದು ಧಾರವಾಡದ ಕಾಕಾ ಒಬ್ಬರು ಎಲ್ಲರ ಮುಂದೆಯೇ ಹೇಳಿದರು. ಉತ್ತರ ಹೊಳೆಯಲಿಲ್ಲ.

ಎರಡನೆಯದನ್ನು ಬೇಗ ಮುಗಿಸುತ್ತೇನೆ, ನೆನೆಸಿಕೊಳ್ಳಲು ಮನಸ್ಸಿಲ್ಲ. 2023ರ ಮೇ ಕೊನೆಯ ವಾರ, ಶನಿವಾರ–ಭಾನುವಾರದ ಹಡಗು, ಎಂಟು ಜನ. ಎಲ್ಲೂ ನಿಲ್ಲದೆ ಸಮುದ್ರ ಸುತ್ತಿ ಮುಂಬಯಿಗೇ ಬರುವುದು. ಗೋವಾದ ಗೋಳು ಬೇಡವೆಂದೇ ಇದನ್ನು ಆರಿಸಿದ್ದೆ. ಮಳೆಗಾಲಕ್ಕೆ ಮುಂಚಿನ ಅಲೆ, ಎಂಟರಲ್ಲಿ ಐವರಿಗೆ ವಾಂತಿ. ಯಾವುದೋ ಕಂಪನಿಯ ನೂರಾರು ನೌಕರರು ಈಜುಕೊಳವನ್ನೇ ಆಕ್ರಮಿಸಿ ರಾತ್ರಿ ಎರಡರವರೆಗೆ ಡಿಜೆ ಬಡಿದರು. ಖರ್ಚು ಉಳಿಸಲು ನಾಲ್ವರಿಗೆ ಒಂದು ಕ್ಯಾಬಿನ್ ಹಿಡಿದಿದ್ದೆ. ಮೇಲಿನ ಹಾಸಿಗೆ ಗೋಡೆಯಿಂದ ಬಿಚ್ಚಿಕೊಳ್ಳುವಂಥದ್ದು, ಹತ್ತಲು ಒಂದು ಸಣ್ಣ ಏಣಿ. ಅರವತ್ತೆಂಟು ವರ್ಷದ ಮಾವಶಿ ಒಬ್ಬರು ಏಣಿಯ ಮೂರನೆಯ ಮೆಟ್ಟಿಲಲ್ಲಿ ನಿಂತು, ಮೇಲೆ ಹೋಗಲೂ ಆಗದೆ ಕೆಳಗೆ ಇಳಿಯಲೂ ಆಗದೆ, ಸೀರೆಯ ನೆರಿಗೆ ಒಂದು ಕೈಯಲ್ಲಿ ಹಿಡಿದುಕೊಂಡು ನನ್ನನ್ನು ನೋಡಿದ ನೋಟ ಇನ್ನೂ ಕಣ್ಣ ಮುಂದಿದೆ. ಅವರನ್ನು ನನ್ನ ಹಾಸಿಗೆಯಲ್ಲಿ ಮಲಗಿಸಿ ನಾನು ಡೆಕ್ಕಿನ ಕುರ್ಚಿಯಲ್ಲಿ ಬೆಳಗು ಮಾಡಿದೆ.

ಆ ಕುರ್ಚಿಯಲ್ಲಿ ಕುಳಿತಾಗಲೇ ಲೆಕ್ಕ ಹೊಳೆದದ್ದು. ನಾವೆಲ್ಲ ರಾತ್ರಿಯ ಲೆಕ್ಕದಲ್ಲಿ ಕ್ರೂಸ್ ಕೊಳ್ಳುತ್ತೇವೆ. ಇಷ್ಟು ಸಾವಿರ, ಇಷ್ಟು ರಾತ್ರಿ, ಊಟ ಪುಕ್ಕಟೆ. ಆದರೆ ರಾತ್ರಿಯಿಡೀ ನಿದ್ದೆ ಮಾಡುವವನಿಗೆ ಹಡಗಾದರೇನು, ದಾವಣಗೆರೆಯ ಲಾಡ್ಜಾದರೇನು? ವಾಪಸ್ ಬರುವಾಗ ರೈಲಿನಲ್ಲಿ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿದೆ: ಹಡಗಿನಲ್ಲಿ ಕಳೆದ ಯಾವ ಯಾವ ತಾಸಿಗೆ ಮತ್ತೆ ದುಡ್ಡು ಕೊಡುತ್ತೀರಿ? ಸರಾಸರಿ ಐದು ತಾಸು ಬಂತು. ಮೊದಲ ಟ್ರಿಪ್ಪಿನವರಿಗೂ ಫೋನ್ ಮಾಡಿ ಕೇಳಿದೆ, ಅವರದು ಹನ್ನೊಂದು. ಮನೆಯ ಬಾಗಿಲಿನಿಂದ ಮನೆಯ ಬಾಗಿಲಿನವರೆಗಿನ ಒಟ್ಟು ಖರ್ಚನ್ನು ಇದರಿಂದ ಭಾಗಿಸಿ. ಮೊದಲನೆಯದು ಎಲ್ಲ ಸೇರಿ 37 ಸಾವಿರ, ಅಂದರೆ ಮೆಚ್ಚಿದ ಒಂದು ತಾಸಿಗೆ 3,400ರ ಹತ್ತಿರ. ಎರಡನೆಯದು 26 ಸಾವಿರ, ತಾಸಿಗೆ 5,200. ನಾನೇ ನಡೆಸುವ ಬಾದಾಮಿ–ಹಂಪಿ ಎರಡು ದಿನದ ಪ್ರವಾಸಕ್ಕೂ ಇದೇ ಪ್ರಶ್ನೆ ಹಾಕಿದೆ: 6,500 ರೂಪಾಯಿ, ಹತ್ತು ತಾಸು, ತಾಸಿಗೆ 650.

ಅಲ್ಲಿಗೆ ನನ್ನ ಗೆರೆ ಎಳೆದುಕೊಂಡೆ. ಹಡಗು ಹೊಸ ಅನುಭವ, ಬಾದಾಮಿಯ ಎರಡು ಪಟ್ಟು ಕೊಡಬಹುದು. ಮೂರು ಪಟ್ಟು, ಅಂದರೆ ಸುಮಾರು 1,950, ಕೊನೆಯ ಮಿತಿ. ದಾಟಿದರೆ ಬುಕ್ ಮಾಡುವುದಿಲ್ಲ. ಏಜೆಂಟ್ ಏನು ರಿಯಾಯಿತಿ ಹೇಳಿದರೂ ಸರಿ.

ಗೆರೆಯೊಳಗೆ ಬರಬೇಕಾದರೆ ಖರ್ಚೂ ಇಳಿಯಬೇಕು, ಮೆಚ್ಚುವ ತಾಸೂ ಏರಬೇಕು. ಜನ ಮೆಚ್ಚಿದ ತಾಸುಗಳ ಪಟ್ಟಿ ನೋಡಿದರೆ ಬಹುಪಾಲು ಮೊದಲ ಸಂಜೆ, ಮಾರನೆಯ ಬೆಳಗು, ದಡ ಕಾಣುವ ಹೊತ್ತು. ವಾಪಸ್ ಬರುವ ದಾರಿಯಲ್ಲಿ ಮೆಚ್ಚಿದ್ದು ಒಂದೇ ಒಂದು ತಾಸು. ಅಂದ ಮೇಲೆ ವಾಪಸ್ ಏಕೆ ಬರಬೇಕು? ಮುಂಬಯಿಯಲ್ಲಿ ಹತ್ತಿ ಗೋವಾದಲ್ಲಿ ಇಳಿದುಬಿಟ್ಟರೆ ಹುಬ್ಬಳ್ಳಿಯವನಿಗೆ ಮನೆ ಅಲ್ಲಿಂದ ನಾಲ್ಕೈದು ತಾಸಿನ ದಾರಿ! ಬೆಂಗಳೂರಿನವನಿಗೆ, ಮುಂಬಯಿಯವನಿಗೆ ಈ ಅನುಕೂಲವಿಲ್ಲ. ಗದುಗಿನ ಗೆಳೆಯ ಯಾವುದಕ್ಕೆ ನಕ್ಕನೋ ಅದರಲ್ಲೇ ಲಾಭ ಇತ್ತು.

ಆ ಒಂದೂವರೆ ವರ್ಷ ಸುಮ್ಮನೆ ಕೂರಲಿಲ್ಲ, ಕೆಲವು ಹುಚ್ಚು ಪ್ರಯೋಗ ಮಾಡಿದೆ. ವಾಂತಿಯದು ಒಂದು. ಮುಂಬಯಿಯ ಗೇಟ್‌ವೇಯಿಂದ ಎಲಿಫೆಂಟಾ ದ್ವೀಪಕ್ಕೆ ಹೋಗುವ ಲಾಂಚಿನಲ್ಲಿ, ಅಂದರೆ ಮೋಟಾರು ದೋಣಿಯಲ್ಲಿ, ಒಂದು ತಾಸು ಕೂತರೆ ಯಾರ ಹೊಟ್ಟೆ ಎಂಥದ್ದು ತಿಳಿಯುತ್ತದೆ ಎಂದು ಎಣಿಸಿ, ಮೊದಲು ನನ್ನ ಮೇಲೇ ಪರೀಕ್ಷೆಗೆ ಹೋದೆ. ಹೋದದ್ದು ಸೋಮವಾರ. ಸೋಮವಾರ ಎಲಿಫೆಂಟಾ ಮುಚ್ಚಿರುತ್ತದೆ, ಇಪ್ಪತ್ತು ವರ್ಷ ಜನರನ್ನು ತಿರುಗಿಸಿದ ನನಗೆ ಅದು ನೆನಪಿರಲಿಲ್ಲ. ಬಂದರಿನೊಳಗೆ ಒಂದು ಸುತ್ತು ಹೊಡೆಸುವ ಬೋಟಿನಲ್ಲಿ ಕೂತು ಬಂದೆ. ಆಮೇಲೆ ಎರಡು ಸಲ ಬೇರೆ ಬೇರೆಯವರ ಮೇಲೆ ಪರೀಕ್ಷಿಸಿದೆ. ಶುಂಠಿ, ನಿಂಬೆ ಉಪ್ಪಿನಕಾಯಿ ಬಾಯಿಗೆ ಹಿತ, ಹೊಟ್ಟೆಗೆ ಅಷ್ಟಕ್ಕಷ್ಟೇ. ಡಾಕ್ಟರನ್ನು ಕೇಳಿ ತಂದ ಗುಳಿಗೆಯನ್ನು ಹಡಗು ಬಿಡುವ ಮುಂಚೆಯೇ ನುಂಗಿದವರು ಪಾರಾದರು, ತಲೆ ತಿರುಗಿದ ಮೇಲೆ ನುಂಗಿದವರು ಅದನ್ನೂ ಕಕ್ಕಿದರು. ಇದಕ್ಕಿಂತ ದೊಡ್ಡ ಔಷಧಿ ಹಡಗಿನ ನಡುಭಾಗದ, ಕೆಳಗಿನ ಡೆಕ್ಕಿನ ಕ್ಯಾಬಿನ್. ಅದೇ ಅಗ್ಗದ್ದೂ ಹೌದು. ಕಿಟಕಿ ಇರುವುದಿಲ್ಲ, ಇರದಿದ್ದರೇನು? ಕಿಟಕಿಗೆ ಏಳೆಂಟು ಸಾವಿರ ಹೆಚ್ಚು ಕೊಟ್ಟವರು ಕೂಡ ಸಮುದ್ರ ನೋಡಲು ಮೇಲಿನ ಡೆಕ್ಕಿಗೇ ಬರುತ್ತಾರೆ.

ಇನ್ನೊಂದು ಪ್ರಯೋಗ ಅದಕ್ಕೂ ಮುಂಚಿನದು, ವೇಗದ್ದು. ಮುಂಬಯಿಯಿಂದ ಮುರಗಾಂವ್ ಸಮುದ್ರದಲ್ಲಿ ಸುಮಾರು 230 ನಾಟಿಕಲ್ ಮೈಲು. ಹದಿನೆಂಟು ನಾಟ್ ವೇಗದಲ್ಲಿ, ಅಂದರೆ ತಾಸಿಗೆ ಹದಿನೆಂಟು ನಾಟಿಕಲ್ ಮೈಲಿನಂತೆ, ಹೋದರೆ ಹದಿಮೂರು ತಾಸು ಸಾಕು, ಒಂದು ರಾತ್ರಿಯ ಕೆಲಸ. ಅದಕ್ಕೆ ಎರಡು ರಾತ್ರಿ ಹೇಗೆ? ಮೊದಲ ಟ್ರಿಪ್ಪಿನಲ್ಲೇ ಫೋನಿನ ಜಿಪಿಎಸ್ ಹಿಡಿದು ಮೂರು ಹೊತ್ತು ಡೆಕ್ಕಿನಲ್ಲಿ ನಿಂತು ನೋಡಿದ್ದೆ. ಒಮ್ಮೆ ಎಂಟು ನಾಟ್, ಒಮ್ಮೆ ಆರು. ಮದುವೆ ಮೆರವಣಿಗೆಯ ಕುದುರೆಯ ಹಾಗೆ. ಕರೆಯಿಂದ ಹನ್ನೆರಡು ನಾಟಿಕಲ್ ಮೈಲು ದಾಟಿದ ಮೇಲೆ ಕ್ಯಾಸಿನೊ ತೆರೆಯುತ್ತದೆ, ಅದು ತೆರೆದಿರುವಷ್ಟು ಹೊತ್ತು ಹಡಗಿಗೆ ಅವಸರವಿಲ್ಲ. ಇದು ದೂರು ಅಲ್ಲ. ಎಲ್ಲಿಗೋ ಮುಟ್ಟಿಸಲು ಈ ಹಡಗು ಹೊರಟಿಲ್ಲ ಎಂಬುದು ನನಗೆ ಗಟ್ಟಿಯಾದದ್ದು ಆಗ. ನಮ್ಮ ಅಜ್ಜನ ಕಾಲದಲ್ಲಿ ಕಾರವಾರದಿಂದ ಮುಂಬಯಿಗೆ ಹೋಗುತ್ತಿದ್ದ ಆಗಬೋಟಿ, ಅಂದರೆ ಉಗಿಹಡಗು, ಮುಟ್ಟಿಸಲೆಂದೇ ಹೋಗುತ್ತಿತ್ತು. ಡೆಕ್ಕಿನ ಮೇಲೆ ಗಂಟುಮೂಟೆಯ ಪಕ್ಕ ಮಲಗುತ್ತಿದ್ದೆವು ಎನ್ನುತ್ತಿದ್ದ ಅಜ್ಜ.

ಹಾಗಾಗಿ ಮೂರನೆಯ ಸಲ ಬುಕಿಂಗಿಗೆ ಮೊದಲು ಪ್ರತಿಯೊಬ್ಬರನ್ನೂ ಕೇಳಿದೆ: "ಹಡಗು ಯಾವ ಊರನ್ನೂ ಮುಟ್ಟುವುದಿಲ್ಲ ಎಂದರೆ ಬರುತ್ತೀರಾ?" ಹತ್ತೊಂಬತ್ತು ಜನರಲ್ಲಿ ಏಳು ಜನ ಗೋವಾ ಬೇಕು ಎಂದರು. ಅವರನ್ನು ಬಿಟ್ಟುಬಿಟ್ಟೆ. ಕೈಗೆ ಬಂದ ಗಿರಾಕಿಯನ್ನು ಬಿಡುವುದು ಸುಲಭವಲ್ಲ, ನಿಮಗೆ ಗೊತ್ತು. ಅವರಿಗೆ ಬಸ್ಸಿನ ಗೋವಾ ಮಾಡಿಸಿಕೊಟ್ಟೆ.

ಉಳಿದ ಹನ್ನೆರಡು ಜನಕ್ಕೆ ನಾಲ್ಕು ಕ್ಯಾಬಿನ್, ಒಂದೊಂದರಲ್ಲಿ ಮೂವರು, ಮೇಲಿನ ಹಾಸಿಗೆ ಐವತ್ತರೊಳಗಿನವರಿಗೆ ಮಾತ್ರ. ವಾರದ ನಡುವಿನ ಹಡಗು. ಎಲ್ಲ ತೆರಿಗೆ ಸೇರಿ ತಲೆಗೆ 17,500ರ ಆಸುಪಾಸು ಬಿತ್ತು. ಈ ದರ ಎಷ್ಟು ವಾರ ಮೊದಲು, ಯಾವ ದಿನ ಸಿಗುತ್ತದೆ ಎಂಬುದನ್ನು ಮಾತ್ರ ಹೇಳುವುದಿಲ್ಲ, ಅದಕ್ಕೆ ನಾನು ಕೊಟ್ಟ ಶುಲ್ಕ ಜಾಸ್ತಿ. ರೈಲು ಒಂದು ಸಾವಿರ. ರೈಲು ತಡವಾದರೆ ಹಡಗು ಕಾಯುವುದಿಲ್ಲ, ಆದ್ದರಿಂದ ಒಂದು ದಿನ ಮೊದಲೇ ಹೋಗಿ ಮುಂಬಯಿಯ ಮಾಟುಂಗಾದಲ್ಲಿ ಇಳಿದೆವು. ವಸತಿ ಒಂದೂವರೆ ಸಾವಿರ, ಊಟ, ಎಲಿಫೆಂಟಾದ ಲಾಂಚು ಎರಡೂ ಸೇರಿ ಎಂಟುನೂರು. ಅಲ್ಲಿಯ ಉಡುಪಿ ಹೋಟೆಲಿನಲ್ಲಿ ಕನ್ನಡದಲ್ಲೇ ಇಡ್ಲಿ ಕೇಳಬಹುದು ಎಂಬುದೇ ಅರ್ಧ ಜನಕ್ಕೆ ಪ್ರವಾಸ. ಮುರಗಾಂವ್ ಗೇಟಿಗೆ ನಮ್ಮದೇ ಟಿಟಿ, ಅಂದರೆ ಟೆಂಪೋ ಟ್ರಾವೆಲರ್, ತರಿಸಿಕೊಂಡೆ, ಪರ್ಮಿಟ್ ಸೇರಿ 18 ಸಾವಿರ, ತಲೆಗೆ 1,500. ನನ್ನ ಲಾಭ 1,700. ಒಟ್ಟು 24 ಸಾವಿರ.

ಒಂದು ಎಡವಟ್ಟು ಆಯಿತು. ಹಡಗಿನ ಊಟ ಒಗ್ಗದಿದ್ದರೆ ಇರಲಿ ಎಂದು ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಜೊತೆಗೆ ಚಹಾ ಕಾಸಲು ಒಂದು ವಿದ್ಯುತ್ ಕೆಟಲ್ ಕಟ್ಟಿಕೊಂಡಿದ್ದೆವು. ನಾವು ಹಡಗು ಹತ್ತಿದ ಬ್ಯಾಲಾರ್ಡ್ ಪಿಯರ್‌ನಲ್ಲಿ ಸಾಮಾನು ತಪಾಸಣೆ ಮಾಡುವಾಗ ಕೆಟಲ್ ಹೋಯಿತು, ರೊಟ್ಟಿಯೂ ಹೋಯಿತು. ಚಟ್ನಿಪುಡಿ ಮಾತ್ರ ಹೇಗೋ ಒಳಗೆ ಬಂತು. ಹೇಗೆ ಎಂದು ಕೇಳಬೇಡಿ.

ಸಂಜೆ ಹಗ್ಗ ಬಿಚ್ಚುವಾಗ ಎಲ್ಲರನ್ನೂ ಹಿಂದಿನ ಡೆಕ್ಕಿಗೆ ಕರೆತಂದು ನಿಲ್ಲಿಸಿದೆ. ಕೊಲಾಬಾ ದಾಟಿ, 1875ರಿಂದ ನಿಂತಿರುವ ಪ್ರಾಂಗ್ಸ್ ದೀಪಸ್ತಂಭ ಪಕ್ಕಕ್ಕೆ ಸರಿಯುವವರೆಗೆ ಯಾರೂ ಊಟದ ಮಾತೆತ್ತಲಿಲ್ಲ. ಕೊನೆಯ ಬೆಳಿಗ್ಗೆ ಐದಕ್ಕೆ ಎಬ್ಬಿಸಿದೆ, ಎರಡು ಬೈಗುಳ ಬಿದ್ದವು. ಮುರಗಾಂವ್ ಇನ್ನೂ ದೂರವಿತ್ತು. ಒಂದು ಪುಟ್ಟ ದೋಣಿ ಅಲೆಗಳ ಮೇಲೆ ಕುಪ್ಪಳಿಸುತ್ತ ಬಂದು ನಮ್ಮ ಹಡಗಿನ ಪಕ್ಕೆಗೆ ಅಂಟಿಕೊಂಡಿತು. ಹಡಗನ್ನು ದಾರಿ ತೋರಿಸಿ ಒಳಗೆ ಕರೆದೊಯ್ಯುವ ಬಂದರಿನ ಪೈಲಟ್ ಕೆಳಗಿನಿಂದ ಹಗ್ಗದ ಏಣಿ ಹಿಡಿದ. ಅಲೆಗೆ ದೋಣಿ ಮೇಲೆದ್ದಾಗ ಏಣಿಗೆ ಜಿಗಿದು, ಸರಸರನೆ ಹತ್ತಿ ಬಾಗಿಲೊಳಗೆ ಹೋದ. ಮೇಲಿನಿಂದ ನೋಡುತ್ತಿದ್ದವರಲ್ಲಿ ಅದೇ ಮಾವಶಿ ಇದ್ದರು, ಅವರನ್ನು ಹಟ ಹಿಡಿದು ಕರೆತಂದಿದ್ದೆ. "ಏಣಿ ಹತ್ತುವುದನ್ನು ಇವನಿಂದ ಕಲಿಯಬೇಕಿತ್ತು ನಾನು" ಎಂದರು.

ಟಿಟಿಯಲ್ಲಿ ಅನಮೋಡ ಘಾಟ ಹತ್ತುವಾಗಲೇ ಹಾಳೆ ತೆಗೆದು ತಾಸು ಬರೆಸಿಕೊಂಡೆ. ಸರಾಸರಿ ಹದಿನಾಲ್ಕು. ತಾಸಿಗೆ 1,700 ಚಿಲ್ಲರೆ, ಗೆರೆಯ ಒಳಗೆ. ಹನ್ನೆರಡು ಹಾಳೆಯಲ್ಲೂ ಆ ಪೈಲಟ್ ಇದ್ದ. ರಾತ್ರಿಯ ನೃತ್ಯ, ಜಾದೂ ಎರಡೇ ಹಾಳೆಯಲ್ಲಿ.

ಸಂಜೆ ಐದಕ್ಕೆ ಹುಬ್ಬಳ್ಳಿ. ವಾರದೊಳಗೆ ಗದುಗಿನ ಗೆಳೆಯನ ಫೋನ್ ಬಂತು. ಪ್ರಶ್ನೆ ಹೇಳಿದೆ, ಭಾಗಾಕಾರ ಹೇಳಿದೆ, ಯಾವ ಡೆಕ್ಕು ಎಂದೂ ಹೇಳಿದೆ. ವಾರದ ದಿನ ಕೇಳಿದ, ಮಾತು ತೇಲಿಸಿದೆ. ಈಗ ಅವನು ಇಪ್ಪತ್ತು ಜನಕ್ಕೆ ಶನಿವಾರದ ಹಡಗಿಗೆ ಮುಂಗಡ ಕೊಟ್ಟಿದ್ದಾನೆಂದು ಕೇಳಿದೆ, ಹೋಗಿ ಬರುವ ಎರಡೂ ಟಿಕೆಟ್. ಮನಸ್ಸು ತಡೆಯದೆ ಹೇಳಿಬಿಡೋಣವೆಂದು ಎರಡು ಸಲ ಫೋನ್ ಮಾಡಿದೆ. ಎತ್ತುತ್ತಿಲ್ಲ.